ಎರಡು ಕೋರು, ನಲವತ್ತು ಡಬ್ಬಿ

ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ. ನಲವತ್ತು ಡಬ್ಬಿ, ಡಬ್ಬಿಗೆ ಆರು ಸಾವಿರ. ಒಂದೊಂದರಲ್ಲೂ ಎರಡು ಕೋರಿನ, ಎಂದರೆ ಎರಡು ತಲೆಯ, ಒಂದು ಪ್ರೊಸೆಸರ್, ಅದನ್ನು ಕೂರಿಸುವ ಒಂದು ಮದರ್‌ಬೋರ್ಡ್; ಪೆಟ್ಟಿಗೆ, ಪರದೆ ಬೇರೆ ಸೇರಿಸಿದರೆ ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ‘ವಾಪಸ್ ಇಲ್ಲ’ ಎಂದು ನಗುತ್ತ ಹೇಳಿ ಕೊಟ್ಟ ಮಾಲು. ಹಾಗೆ ಯಾರಾದರೂ ನಗುತ್ತ ಹೇಳಿದರೆ ಎದ್ದು ಬರಬೇಕು. ನಾನು ಅವರ ಚಹಾ ಕುಡಿದು, ಮಾಲು ಹೇರಿಕೊಂಡು ಶಿಗ್ಗಾಂವಕ್ಕೆ ಬಂದೆ.

ದುಡ್ಡು ನಮ್ಮ ಮನೆತನದ ಕಾಳಿನ ಅಂಗಡಿಯದು. ಆ ಅಂಗಡಿ ಅಣ್ಣನ ಕೈಯಲ್ಲಿ. ನನ್ನ ಕಂಪ್ಯೂಟರ್ ಅಂಗಡಿಯನ್ನು ಅವನು ಯಾವತ್ತೂ ವ್ಯಾಪಾರ ಎಂದು ಒಪ್ಪಿದವನಲ್ಲ. ಡಬ್ಬಿಗಳ ರಾಶಿ ನೋಡಿ ಒಂದೇ ಮಾತು ಹೇಳಿದ: “ತಮ್ಮಾ, ದೀಪಾವಳಿ ಪಾಡ್ಯದ ದಿನ ಅಂಗಡಿ ಪೂಜಿಗೆ ಬರ್ತೇನಿ. ಅವತ್ತ ಒಂದ ಡಬ್ಬಿ ಉಳದಿದ್ರೂ ಕೀಲಿ ನನ್ನ ಕೈಯಾಗ ಇಡಬೇಕು. ಇದನ್ನ ಗೋದಾಮ ಮಾಡ್ತೇನಿ. ನೀ ಬಂದು ತಕ್ಕಡಿ ಮುಂದ ಕುಂಡ್ರು.”

ಆ ಪ್ರೊಸೆಸರಿನಲ್ಲಿ ಒಂದು ಗುಣವಿತ್ತು. ಕಂಪನಿಯವರು ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ಓಡಿಸಬಹುದಿತ್ತು. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಸೆಟ್ಟಿಂಗಿನಲ್ಲಿ ಒಂದು ಅಂಕಿ ಏರಿಸಿದರೆ ಸಾಕು, ಎರಡು ಪಟ್ಟು ಬೆಲೆಯ ಮಾಲಿನ ಜೊತೆ ಕಾಗದದ ಮೇಲೆ ಸಮಸಮ ನಿಲ್ಲುತ್ತಿತ್ತು. ಕಾಗದದಿಂದ ಕೆಳಗಿಳಿದ ಮೇಲೆ ಬೇರೆ ಕಥೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: “ಆಟಕ್ಕ ಸಾಕಾಗ್ತೈತೇನ್ರಿ?” ಅಂಗಡಿ ತೆರೆದು ಕೂತವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ಬಂದೇ ಬರುತ್ತವೆ. ಗಿರಾಕಿ ಬರದ ದಿನವೂ ಇವು ಮಾತ್ರ ತಪ್ಪದೆ ಬರುತ್ತವೆ.

ಕಾಲೇಜಿನವರು

ಮೊದಲು ಕೊಂಡವರು ಶಿಗ್ಗಾಂವದ ಕಾಲೇಜು ಹುಡುಗರು. ಒಂದು, ಎರಡು ಎನ್ನುತ್ತ ಹದಿಮೂರು ಡಬ್ಬಿ ಹೋದವು. ನಾನು ಮನಸ್ಸಿನಲ್ಲೇ ಅಣ್ಣನಿಗೆ ಉತ್ತರ ಜೋಡಿಸಿಟ್ಟುಕೊಂಡೆ. ಅಷ್ಟರಲ್ಲಿ ಒಂದು ಹೊಸ ಕಂಪ್ಯೂಟರ್ ಆಟ ಬಂತು.

ಮಾರನೇ ದಿನ ಆ ಹುಡುಗರಲ್ಲೊಬ್ಬ ಮೋರೆ ಇಳಿಬಿಟ್ಟುಕೊಂಡು ಬಂದ. “ಸಾವ್ಕಾರ್ರ, ಆಟ ಚಾಲೂನ ಆಗವಲ್ದು. ಪರದೆ ಬರೇ ಕಪ್ಪ.”

ನೋಡಿದೆ. ಆ ಆಟಕ್ಕೆ ನಾಲ್ಕು ಕೋರು ಬೇಕು. ಎರಡೇ ಕಂಡರೆ ಬಾಗಿಲನ್ನೇ ತೆಗೆಯುವುದಿಲ್ಲ.

“ಆದ್ರ ವೇಗ ಐತಲ್ರಿ!” ಅಂದ ಹುಡುಗ.

“ಅದು ವೇಗ ಕೇಳೂದಿಲ್ಲಪಾ, ತಲಿ ಎಣಸತೈತಿ.”

ಅವನು ಇಂಟರ್ನೆಟ್ಟಿನಲ್ಲಿ ತಡಕಾಡಿ, ಎರಡನ್ನು ನಾಲ್ಕು ಎಂದು ನಂಬಿಸುವ ಯಾವುದೋ ಚಿಕ್ಕ ಪ್ರೋಗ್ರಾಮ್ ಹುಡುಕಿದ. ವಾರದ ನಂತರ ನಗುತ್ತ ಬಂದ. “ಚಾಲೂ ಆತ್ರಿ!”

“ಹೆಂಗ ಓಡತೈತಿ?”

“ಓಡತೈತ್ರಿ. ನಿಂತು ನಿಂತು ಓಡತೈತಿ. ಒಮ್ಮೆ ನಿಂತರ ಚಿತ್ರ ಅಲ್ಲಾಡೂದಿಲ್ಲ.” ಆಮೇಲೆ ದನಿ ಇಳಿಸಿ ಹೇಳಿದ: “ಹಂಗ ಆದದ್ದ ಛಲೋ ಆತ್ರಿ. ಆಟ ಆಡಿದ್ರ ನಮ್ಮಪ್ಪ ಬೈತಿದ್ದ. ನಿನ್ನೆ ಹಿಂದ ಬಂದು ನಿಂತು ನೋಡಿದ. ಫೋಟೋ ನೋಡಾಕತ್ತೀ ಏನ್, ನೋಡು ನೋಡು ಅಂದು ಹೊಂಟ ಹ್ವಾದ.”

ಆದರೆ ಮಾತು ಕಾಲೇಜಿನಲ್ಲಿ ಹಬ್ಬಿತು. ಹದಿನಾಲ್ಕನೆಯ ಡಬ್ಬಿಯನ್ನು ಶಿಗ್ಗಾಂವದಲ್ಲಿ ಯಾರೂ ಮುಟ್ಟಲಿಲ್ಲ. ನಾನು ಬಸ್ ಹತ್ತಬೇಕಾಯಿತು.

ಸವಣೂರಿನ ತಂಪು

ಸವಣೂರಿನಲ್ಲಿ ಒಬ್ಬ ಎಲೆ ವ್ಯಾಪಾರಿ. ಒಂದೇ ಮಳಿಗೆಯ ಎಡಗಡೆ ವೀಳ್ಯದೆಲೆಯ ಬುಟ್ಟಿಗಳು, ಬಲಗಡೆ ಗಂಟೆ ಲೆಕ್ಕದಲ್ಲಿ ಆಟ ಆಡಿಸುವ ಕಂಪ್ಯೂಟರ್‌ಗಳು. ನಾಲ್ಕು ಡಬ್ಬಿ ಕೊಂಡ. ಕೆಲವೇ ದಿನದಲ್ಲಿ ಫೋನು.

“ಸಾವ್ಕಾರ್ರ, ನಿಮ್ಮ ಮಾಲು ಕಾದ ಹಂಚಾಗೈತಿ. ನಡುವ ಬಂದ್ ಬೀಳಾಕತ್ತಾವು.”

“ಭಾಯಿ, ಹೆಚ್ಚು ಓಡಿಸಿದ್ರ ಬಿಸಿ ಆಗೂದ. ದೊಡ್ಡ ಫ್ಯಾನ್ ಹಾಕಬೇಕು. ಒಂದಕ್ಕ ಹನ್ನೆರಡು ನೂರು.”

“ಹನ್ನೆರಡು ನೂರು? ಬ್ಯಾಡ್ರಿ. ತಂಪ ಇಡೂದು ನಮಗ ಕಲಸ್ತೀರಿ? ನಮ್ಮ ಅಜ್ಜನ ಕಾಲದಿಂದ ನಮ್ಮ ಉದ್ಯೋಗಾನ ತಂಪ ಇಡೂದು.”

ನನಗೆ ಅರ್ಥವಾಗಲಿಲ್ಲ. ಮುಂದಿನ ವಾರ ಹೋಗಿ ನೋಡಿದೆ. ನಾಲ್ಕೂ ಕಂಪ್ಯೂಟರಿನ ಪೆಟ್ಟಿಗೆಗಳಿಗೆ ತೊಯ್ಸಿದ ಗೋಣಿಚೀಲ ಸುತ್ತಿ, ಹುರಿಯಿಂದ ಬಿಗಿದು, ಎಲೆಬುಟ್ಟಿಗಳ ಸಾಲಿನಲ್ಲೇ ಇಟ್ಟಿದ್ದ. ಅವನು ತಂಬಿಗೆ ಹಿಡಿದು ಎಲೆಗೂ ಕಂಪ್ಯೂಟರಿಗೂ ಭೇದ ಮಾಡದೆ ನೀರು ಚಿಮುಕಿಸುತ್ತಿದ್ದ. ಒಳಗೆ ನಾಲ್ಕು ಜನ ಆಟ ಆಡುತ್ತಿದ್ದರು.

“ಭಾಯಿ! ನೀರು! ಕರೆಂಟು!”

“ಗಾಬರಿ ಆಗಬ್ಯಾಡ್ರಿ. ಒಳಗ ಹೋಗೂದಿಲ್ಲ. ಒಳಗ ನೀರ ಹೋದ್ರ ಎಲಿನೂ ಕೊಳೀತೈತಿ, ನಮಗ ಗೊತ್ತಿಲ್ಲೇನು?”

ಮಾತು ಮುಗಿಯುವ ಮೊದಲೇ ಮೂರನೆಯ ಪೆಟ್ಟಿಗೆ ‘ಫಟ್’ ಅಂದಿತು. ಹೊಗೆ ಬಂತು. ಆಡುತ್ತಿದ್ದವನು ಎದ್ದು ಬೀದಿಗೆ ಓಡಿದ. ಎಲೆ ವ್ಯಾಪಾರಿ ಮಾತ್ರ ಅಲ್ಲಾಡಲಿಲ್ಲ. ಸ್ವಿಚ್ ಆರಿಸಿ, ಚೀಲ ಬಿಚ್ಚಿ, ಮೂಸಿ ನೋಡಿ, ತಲೆ ಆಡಿಸಿದ.

“ತಪ್ಪು ನಂದ ಐತಿ ಸಾವ್ಕಾರ್ರ. ಎಲಿ ತಿರುವಿದಂಗ ದಿನಾ ಮಗ್ಗಲಾ ತಿರುವಿ ಇಡಬೇಕಿತ್ತು.”

ಎಂದವನೇ ಉಳಿದ ಮೂರನ್ನೂ ಒಂದೊಂದಾಗಿ ತಿರುವಿಟ್ಟ.

ಹಾನಗಲ್ಲಿನ ಹೋರಿ

ಹಾನಗಲ್ಲಿನಲ್ಲಿ ಹೋದದ್ದು ಒಂದೇ ಡಬ್ಬಿ. ಕೊಂಡವನು ಹೋರಿ ಸಾಕಿದವನು. ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುವ ಸ್ಪರ್ಧೆ ಇಡುತ್ತಾರಲ್ಲ, ಅದರಲ್ಲಿ ಅವನ ಹೋರಿಯನ್ನು ಹಿಡಿದವರಿಲ್ಲ. ಮಗನಿಗೆ ಕಂಪ್ಯೂಟರ್ ಕೊಡಿಸಲು ನನ್ನ ಅಂಗಡಿಗೆ ಬಂದಿದ್ದ. ಅವನಿಗೆ ಕೋರು, ವೇಗ ಎಂದು ಹೇಳಿ ಪ್ರಯೋಜನವಿರಲಿಲ್ಲ. ಅವನ ಭಾಷೆಯಲ್ಲೇ ಹೇಳಿದೆ: “ಇದು ಸಣ್ಣ ಹೋರಿ. ಆದ್ರ ತಿನಿಸಿ ಹುರುಪ ಏರಿಸಿದ್ರ ದೊಡ್ಡ ಹೋರಿ ಓಡಿದಂಗ ಓಡತೈತಿ.”

ಅವನ ಕಣ್ಣು ಅರಳಿತು. ಬಗ್ಗಿ ಕೂತ. “ಏನ ತಿನಸ್ತೀರಿ?”

“ಕರೆಂಟ ಸ್ವಲ್ಪ ಜಾಸ್ತಿ.”

“ಓಡಿದ ಮ್ಯಾಲ ಮೈ ಬಿಸಿ ಆಗತೈತಿ?”

“ಬಹಳ.”

“ದಿನಕ್ಕ ಎಷ್ಟ ಹೊತ್ತು ಓಡಸ್ತಾರ?”

“ಕೆಲವರು ಮುಂಜಾನಿಂದ ಸಂಜಿ ತನಕ ಓಡಸ್ತಾರ.”

ಅವನು ನನ್ನನ್ನು ಕಟುಕನನ್ನು ನೋಡುವಂತೆ ನೋಡಿದ. “ಮುಂಜಾನಿಂದ ಸಂಜಿ ತನಕ? ಮನಷ್ಯಾರೇನ್ರಿ ನೀವು?” ಎಂದು ರೊಕ್ಕ ಎಸೆದು, ಡಬ್ಬಿಯನ್ನು ಎದೆಗವಚಿಕೊಂಡು ಹೋದ.

ಎರಡು ತಿಂಗಳ ಮೇಲೆ ಮಗ ಬಂದ. ಅಳುವ ದನಿ. “ಸಾವ್ಕಾರ್ರ, ನಮ್ಮಪ್ಪಗ ನೀವರ ಒಂದ ಮಾತ ಹೇಳ್ರಿ. ಒಂದ ತಾಸ ಆಡಿದ್ರ ನಾಕ ದಿನ ವಿಶ್ರಾಂತಿ ಕೊಡಸ್ತಾನ. ಆಡಿದ ಕೂಡ್ಲೆ ಮ್ಯಾಲ ಕಂಬಳಿ ಹೊಚ್ಚತಾನ. ಅಮಾಸಿ ದಿನ ಮುಟ್ಟಗೊಡೂದಿಲ್ಲ. ಗೆಳ್ಯಾರು ನೋಡಾಕ ಬಂದ್ರ ದೃಷ್ಟಿ ಆಗತೈತಿ ಅಂತ ಹೊರಗ ಹಾಕ್ಯಾನ.”

ಅವನ ಎದುರಿಗೇ ಫೋನ್ ಮಾಡಿದೆ. “ಯಜಮಾನ್ರ, ಅದು ಮಷೀನು. ಹುಡುಗ ಆಡ್ಲಿ ಬಿಡ್ರಿ.”

“ನೀವು ವ್ಯಾಪಾರಸ್ಥರು, ಮಾರಿ ಕೈ ತೊಳಕೊಂಡ್ರಿ,” ಅಂದ ಆತ. “ಸಾಕಾವ್ರು ನಾವು.”

ನಲವತ್ತರಲ್ಲಿ ಒಮ್ಮೆಯೂ ರಿಪೇರಿಗೆ ಬರದ ಮಾಲು ಅದೊಂದೇ.

ಹಿರೇಕೆರೂರಿನ ಬಿಸಿಗಾಳಿ

ಆ ವರ್ಷ ಮಳೆ ಹೋಗುವ ಹೊತ್ತಿಗೆ ಹೋಗಲಿಲ್ಲ. ನನ್ನ ಅಂಗಡಿಯಲ್ಲಿ ಡಬ್ಬಿಗಳ ಮೇಲೆ ಬೂಸಲು ಬರುವುದೊಂದು ಬಾಕಿ. ಬಂದವರು ಬಾಗಿಲಲ್ಲಿ ಕೊಡೆ ಮಡಚಿ, ಮೊಬೈಲಿನಲ್ಲೇ ಆಟ ಆಡುತ್ತ ನಿಂತು, ಮಳೆ ಬಿಟ್ಟ ಕೂಡಲೇ ಹೋಗುತ್ತಿದ್ದರು. ಅಂಥ ದಿನದಲ್ಲಿ ಹಿರೇಕೆರೂರಿನ ಗೋವಿನಜೋಳದ ದಲ್ಲಾಳಿ ಒಬ್ಬರ ಫೋನು ಬಂತು. ಅವರಿಗೆ ಬೇಸಿಗೆಯಲ್ಲಿ ಒಂದು ಡಬ್ಬಿ ಕೊಟ್ಟಿದ್ದೆ. ಲೆಕ್ಕ ಬರೆಯುವವನು ಯಜಮಾನರು ಇಲ್ಲದಾಗ ಅದರಲ್ಲಿ ಕದ್ದು ಕಾರಿನ ಆಟ ಆಡುತ್ತಿದ್ದ.

“ನಿಮ್ಮ ಪೆಟಗಿ ಹಿಂದಿಂದ ಒಲಿ ಉರಿಸಿದಂಗ ಗಾಳಿ ಬರತೈತಲ್ರಿ!”

“ಒಂದ ಫ್ಯಾನ್ ಹಾಕಿದ್ರ…” ಎಂದು ಶುರು ಮಾಡಿದೆ.

“ಫ್ಯಾನ್ ಗೀನ್ ಏನೂ ಬ್ಯಾಡ. ಇನ್ನೂ ಐದು ಕಳಸ್ರಿ.”

ನಾನೇ ಹೊತ್ತುಕೊಂಡು ಹೋದೆ. ಕಂಪ್ಯೂಟರಿನ ಹಿಂದೆ ಹಸಿ ಜೋಳದ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಜೋಳ ಹಸಿ ಇದ್ದರೆ ಖರೀದಿದಾರ ದರ ಕಡಿಯುತ್ತಾನೆ. ಮಾದರಿ ಕಾಳು ಒಣಗಿದ್ದರೆ ಸುಮ್ಮನಿರುತ್ತಾನೆ. ಆ ಖರೀದಿದಾರನಿಗೆ ಇದು ಗೊತ್ತೋ ಇಲ್ಲವೋ ನಾನು ಕೇಳಲಿಲ್ಲ. ಜೋಳ ನನ್ನ ಮಾಲಲ್ಲ.

ಲೆಕ್ಕ ಬರೆಯುವವನು ಕಂಪ್ಯೂಟರಿನ ಮುಂದೆ ಜ್ವರ ಬಂದವನಂತೆ ಕೂತಿದ್ದ. ಕಣ್ಣು ಕೆಂಪಾಗಿದ್ದವು. ಪಿಸುಗುಟ್ಟಿದ: “ಮೊದಲ ಕದ್ದು ಆಡತಿದ್ದೆ ಸಾವ್ಕಾರ್ರ, ಸುಖಾ ಇತ್ತು. ಆಟ ನಿಂತರ ಗಾಳಿ ತಣ್ಣಗಾಗತೈತಿ ಅಂತ ಇವರಿಗೆ ಗೊತ್ತಾಗಿಬಿಟ್ಟೈತಿ. ಊಟಕ್ಕೂ ಏಳಗೊಡವಲ್ರು.”

ಅಷ್ಟರಲ್ಲಿ ಗಾದಿಯ ಮೇಲಿಂದ ಯಜಮಾನರ ದನಿ ಬಂತು: “ಏನ ಮಾತಾಡಾಕತ್ತೀಲೇ? ಪಗಾರ ಸುಮ್ನ ಕೊಡ್ತೇನೇನು? ಇನ್ನೂ ಎರಡ ತಟ್ಟಿ ಹಸಿ ಅದಾವ. ಕಾರ್ ಓಡಸು!”

ದುಂಡಸಿಯ ಪಂದ್ಯ

ಇಷ್ಟಾದರೂ ಹದಿನಾರು ಡಬ್ಬಿ ಉಳಿದಿದ್ದವು. ದೀಪಾವಳಿ ಹತ್ತಿರ ಬಂದಿತ್ತು. ಆಗ ದುಂಡಸಿಯ ಒಬ್ಬ ತರುಣ ಬಸ್ಸು ನಿಲ್ಲುವ ಜಾಗದ ಹತ್ತಿರ ಗೇಮ್ ಸೆಂಟರ್ ತೆರೆಯುತ್ತೇನೆ ಎಂದು ಎಂಟು ಒಯ್ದ. ಅಲ್ಲಿ ಊರ ಹುಡುಗರು ಎರಡು ಪಾರ್ಟಿ ಮಾಡಿಕೊಂಡು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಎಲ್ಲ ಮಷೀನೂ ಒಂದೇ ತರದವು, ಎಲ್ಲವೂ ಒಂದೇ ತರ ನಡುನಡುವೆ ನಿಲ್ಲುತ್ತಿದ್ದವು. ಹಾಗಾಗಿ ಯಾರಿಗೂ ತಕರಾರಿರಲಿಲ್ಲ. ಆದರೆ ಹುರುಪಿನಲ್ಲಿ ಹುಬ್ಬಳ್ಳಿಯ ಪಂದ್ಯಕ್ಕೆ ಹೋದರು. ಅಲ್ಲಿ ಒಳ್ಳೆಯ ಮಷೀನುಗಳು. ಮೊದಲ ಸುತ್ತಿನಲ್ಲೇ ಸೋತು ಬಂದರು ಎಂದು ಸುದ್ದಿ ಬಂತು.

ಪಾಡ್ಯದ ದಿನ ಅಣ್ಣ ಹೇಳಿದಂತೆ ಬಂದ. ಜೊತೆಗೆ ಹೊಸ ಬೀಗ ತಂದಿದ್ದ. ಪೂಜೆ ಮಾಡಿ, ಉಳಿದ ಎಂಟೂ ಡಬ್ಬಿಗೆ ಕುಂಕುಮ ಹಚ್ಚಿ, ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯತೊಡಗಿದ. “ಇನ್ನೂರು ಚೀಲ ಹಿಡಿತಾವ ನೋಡು,” ಅಂದ. ಅವನು ಅಂದಾಜಿನಲ್ಲಿ ತಪ್ಪುವುದಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದಿತು.

ಅಷ್ಟರಲ್ಲಿ ಬಾಗಿಲಲ್ಲಿ ಟಂಟಂ ಆಟೋ ನಿಂತಿತು. ದುಂಡಸಿಯ ಹುಡುಗರು ಇಳಿದರು, ಏಳೆಂಟು ಜನ, ಎಲ್ಲರ ಮೋರೆಯೂ ಕಪ್ಪಿಟ್ಟಿತ್ತು.

“ಬಂದ್ರು ನೋಡು ವಾಪಸ್ ಕೊಡಾಕ,” ಅಂದ ಅಣ್ಣ. “ಎಂಟು ಎಂಟು ಹದಿನಾರಾತು.”

ಸೆಂಟರಿನವನು ಮುಂದೆ ಬಂದ. “ಸಾವ್ಕಾರ್ರ, ಹುಬ್ಬಳ್ಳಿಯಾಗ ನಮಗ ಅನ್ಯಾಯ ಆತ್ರಿ.”

“ಏನಾತು?”

“ನಮ್ಮ ಮಷೀನು ನಡುನಡುವ ನಿಂದ್ರತಾವಲ್ರಿ, ಆವಾಗ ನಾವು ಕೈ ಝಾಡಿಸಿ, ಎರಡ ಮಿರ್ಚಿ ತಿಂದು, ಯಾರನ್ನ ಹೊಡೀಬೇಕು ಅಂತ ಮಾತಾಡ್ಕೊಂತೇವಿ. ಅಲ್ಲಿ ಒಮ್ಮೆನೂ ನಿಂದ್ರಲಿಲ್ರಿ! ಕುಂತ ಕೂಡ್ಲೆ ಗುಂಡು. ಉಸರ ಬಿಡಾಕ ಪುರಸೊತ್ತ ಕೊಡವಲ್ರು. ಅದೂ ಒಂದ ಆಟಾ ಏನ್ರಿ?”

“ಹೌದಲ್ಲ, ಮಾತಾಡಾಕರ ಬಿಡಬೇಕಪಾ,” ಅಂದ ಅಣ್ಣ, ಅದು ಯಾವ ಆಟ ಎಂದೂ ಗೊತ್ತಿಲ್ಲದೆ.

“ಅದಕ್ಕ ಮುಂದಿನ ಪಂದ್ಯ ದುಂಡಸಿಯಾಗ ಇಟ್ಟೇವಿ. ಹುಬ್ಬಳ್ಳಿಯವ್ರು ಬರಾಕ ಒಪ್ಯಾರ. ನಮಗ ಎಂಟು ಅದಾವ, ಅವರಿಗೆ ಎಂಟು ಬೇಕು.”

ನನ್ನ ಕೈ ತಾನಾಗಿ ಡಬ್ಬಿಗಳ ಕಡೆ ಹೋಯಿತು. ಆದರೂ ವ್ಯಾಪಾರಸ್ಥನ ನಾಲಿಗೆ ಸುಮ್ಮನಿರಬೇಕಲ್ಲ, ರೂಢಿಯಂತೆ ಹೇಳಿದೆ: “ನಾಲ್ಕು ಕೋರಿನ ಹೊಸ ಮಾಲೂ ಐತಿ, ಸ್ವಲ್ಪ ತುಟ್ಟಿ…”

“ಅದನ್ನ ತೋರಸಬ್ಯಾಡ್ರಿ!” ಬಂದವರೆಲ್ಲ ಒಮ್ಮೆಲೆ ಕೂಗಿದರು. ಸೆಂಟರಿನವನು ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ. “ಇವೂ ನಿಂತು ನಿಂತ ಓಡತಾವಲ್ಲ? ಗ್ಯಾರಂಟಿ?”

ಮಾಲು ಕೆಡುವುದಿಲ್ಲ ಎಂಬುದಕ್ಕೆ ಗ್ಯಾರಂಟಿ ಕೇಳಿದವರನ್ನು ಎಷ್ಟೋ ಕಂಡಿದ್ದೆ. ಇದು ಹೊಸದು. “ಗ್ಯಾರಂಟಿ,” ಅಂದೆ.

ಅಣ್ಣನಿಗೆ ತಡೆಯಲಾಗಲಿಲ್ಲ. “ಏನರ ತ್ರಾಸ ಆದ್ರ ತಂದು ಕೊಡ್ರಪಾ, ನೋಡೋಣು.”

“ಹೂಂರಿ,” ಅಂದ ಸೆಂಟರಿನವನು. “ಛಲೋ ಓಡಿದ್ರ ವಾಪಸ್ ತರ್ತೇವಿ.”

ವಾಪಸ್ ಬರಲಿಲ್ಲ. ಪಂದ್ಯದ ದಿನ ನಾನೂ ಹೋಗಿದ್ದೆ. ಹುಬ್ಬಳ್ಳಿಯವರು ಪ್ರತಿ ಸಲ ಚಿತ್ರ ನಿಂತಾಗ ಮೌಸ್ ಕುಟ್ಟಿ, ವೈರು ಎಳೆದು, ಒಬ್ಬರನ್ನೊಬ್ಬರು ಬೈದುಕೊಂಡರು. ದುಂಡಸಿಯವರು ಮಿರ್ಚಿ ತಿಂದರು, ಮಾತಾಡಿಕೊಂಡರು, ಗೆದ್ದರು. ಆಟಕ್ಕೆ ಸಾಕಾಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ, ಯಾರ ಊರಿನಲ್ಲಿ ಆಡುತ್ತೀರಿ ಎಂದು ಕೇಳುತ್ತೇನೆ.

ಲೆಕ್ಕ ಇಷ್ಟು. ಕೊಂಡದ್ದು ನಲವತ್ತು, ಹೋದದ್ದು ನಲವತ್ತು. ಬಸ್ಸು, ರಿಪೇರಿ, ಚಹಾ ಎಲ್ಲ ಕಳೆದು ಉಳಿದದ್ದು ಹನ್ನೊಂದು ಸಾವಿರ. ಅದನ್ನು ಬಡ್ಡಿ ಎಂದು ಅಣ್ಣ ಇಟ್ಟುಕೊಂಡ. ನನಗೆ ಸಿಕ್ಕದ್ದು ಅವನು ತಂದಿದ್ದ ಹೊಸ ಬೀಗ, ಅದಕ್ಕೂ ನೂರಾ ಎಂಬತ್ತು ರೂಪಾಯಿ ಇಸಿದುಕೊಂಡ.