ಪ್ರೇಮ ಸಪ್ತಾಹಕ್ಕೆ ಇನ್ನೂ ಎರಡು ವಾರ

ನನ್ನ ಗಂಡ ಓಯ್ಗೆನ್ ನನ್ನ ಅಡುಗೆಯ ಬಗ್ಗೆ ಇದುವರೆಗೆ ಆಡಿರುವುದು ಒಂದೇ ಮಾತು: "ತಿನ್ನಬಹುದು."

ಜರ್ಮನಿಯ ನಮ್ಮ ಶ್ವಾಬಿಯ ಸೀಮೆಯಲ್ಲಿ ಇದು ಶಾಲು ಹೊದಿಸಿ ಸನ್ಮಾನ ಮಾಡಿದ್ದಕ್ಕೆ ಸಮ. ಬೈಯಲಿಲ್ಲವೆಂದರೆ ಹೊಗಳಿದ ಹಾಗೆ ಎಂದೇ ನಮ್ಮಲ್ಲಿ ಗಾದೆ. ನನ್ನಪ್ಪ ನನ್ನಮ್ಮನನ್ನು ಹೊಗಳಿದ್ದು ಅವಳ ಸಮಾಧಿಯ ಕಲ್ಲಿನ ಮೇಲೆ. ಅದೂ ಕೆತ್ತುವವನು ಅಕ್ಷರಕ್ಕಿಷ್ಟು ಎಂದದ್ದೇ ತಡ, 'ದುಡಿದಳು' ಎಂಬ ಒಂದೇ ಪದಕ್ಕೆ ಮಾತು ನಿಲ್ಲಿಸಿಬಿಟ್ಟ. ಇಂಥ ವಂಶದಲ್ಲಿ ಹುಟ್ಟಿದ ನಾನು ಗಂಡನ ಬಾಯಿಂದ ಒಂದು ಸಿಹಿ ಮಾತಿಗೆ ಆಸೆಪಟ್ಟಿದ್ದೇ ತಪ್ಪು. ಪಟ್ಟದ್ದು ನಿಜ. ಆದರೆ ಅದನ್ನು ಕೇಳುವುದಕ್ಕೆ ನನಗೂ ನಾಲಿಗೆ ಏಳುತ್ತಿರಲಿಲ್ಲ.

ಹೀಗೆ ಮೌನವಾಗಿ, ಸುಖವಾಗಿ ನಡೆದಿದ್ದ ಸಂಸಾರಕ್ಕೆ ಇಂಗ್ಲಿಷ್ ನುಗ್ಗಿದ್ದು ಮಗಳು ಮರೈಕೆಯಿಂದ. ಅವಳು ಐರ್ಲೆಂಡಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಯ ಫಿನ್‌ಬಾರ್ ಎಂಬ ಹುಡುಗನನ್ನು ಮದುವೆಯಾಗುವುದೆಂದು ಗೊತ್ತಾಯಿತು. ಒಂದು ಭಾನುವಾರ ಅವನ ತಾಯಿ ನೂಲಾ ಮೊಬೈಲ್ ಪರದೆಯ ಮೇಲೆ ಕಾಣಿಸಿಕೊಂಡು, ನನ್ನನ್ನು ನೋಡಿದವಳೇ ಗಳಗಳ ಅತ್ತಳು.

"ಅಯ್ಯೋ ಬಂಗಾರ, ನಿನ್ನ ಮುಖ ನೋಡಿದ ಕೂಡ್ಲೇ ಪ್ರೀತಿ ಉಕ್ಕಿ ಬಂತು ಕಣೇ!" ಎಂದಳು ಇಂಗ್ಲಿಷಿನಲ್ಲಿ.

ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ತಳದವರೆಗೆ ಕೆರೆದೆ. ರೈಲ್ವೆ ನಿಲ್ದಾಣಕ್ಕೆ ದಾರಿ ಕೇಳುವುದು ಸಿಕ್ಕಿತು. ಅಂಚೆಚೀಟಿ ಕೊಳ್ಳುವುದು ಸಿಕ್ಕಿತು. ಪ್ರೀತಿ ಸಿಗಲಿಲ್ಲ. "ಧನ್ಯವಾದ. ಇಲ್ಲಿ ಹವಾಮಾನ ತಂಪಾಗಿದೆ," ಎಂದುಬಿಟ್ಟೆ.

ಸಂಜೆ ಮಗಳು ಫೋನ್ ಮಾಡಿದಳು. "ಅಮ್ಮಾ, ನಿಂಗೆ ಅವರು ಇಷ್ಟ ಆಗ್ಲಿಲ್ಲ ಅಂತ ಅವರಿಗೆ ಅನ್ಸಿದೆ. ಅಳ್ತಾ ಇದ್ರು."

"ಮೊದ್ಲೇ ಅಳ್ತಾ ಇದ್ರಲ್ಲೇ!"

"ಅದು ಬೇರೆ ಅಳು. ಡಿಸೆಂಬರ್‌ನಲ್ಲಿ ನಾವೆಲ್ಲ ಅಲ್ಲಿಗೆ ಬರ್ತೀವಿ. ಅಷ್ಟರಲ್ಲಿ ಹವಾಮಾನ ಬಿಟ್ಟು ಬೇರೇನಾದ್ರೂ ಕಲ್ತುಕೋ, ದಯವಿಟ್ಟು."

ಊರಿನ ಸಂಜೆ ಶಾಲೆಯಲ್ಲಿ 'ಬಂಧಗಳು ಮತ್ತು ಭಾವನೆಗಳು: ಜರ್ಮನ್ನರಿಗಾಗಿ ಇಂಗ್ಲಿಷ್' ಎಂಬ ತರಗತಿ ಇತ್ತು. ನಾನು ಇಬ್ಬರ ಹೆಸರನ್ನೂ ಬರೆಸಿ ಬಂದೆ.

"ನಂಗ್ಯಾಕೆ?" ಎಂದ ಓಯ್ಗೆನ್. ಅವನಿಗೆ ಗಿಯರ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. "ನಂಗೆ ಭಾವನೆ ಇಲ್ಲ."

"ಇಲ್ದಿದ್ರೂ ಹೆಸರು ಗೊತ್ತಿರ್ಲಿ. ನಿಮ್ಮ ಕಾರ್ಖಾನೇಲಿ ಸ್ಟಾಕ್ ಇಲ್ಲದ ಪಾರ್ಟುಗಳ ಹೆಸರೂ ನಿಂಗೆ ಗೊತ್ತಿಲ್ವಾ?"

ಈ ತರ್ಕಕ್ಕೆ ಅವನು ಸೋತ.

ನನಗೆ ಆ ಮಹತ್ತಾದ ಉಪಾಯ ಹೊಳೆದದ್ದು ಆಮೇಲೆ. ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ. ಯಾರ ವಾರವೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ದೇವರ ಹತ್ತು ಆಜ್ಞೆಗಳಲ್ಲಿ ಒಂದೆರಡನ್ನು ಮೀರಿದವರು ನಮ್ಮ ಬೀದಿಯಲ್ಲಿ ಇದ್ದಾರೆ. ಆ ಹಲಗೆಯನ್ನು ಮೀರಿದವರು ಇಲ್ಲ. ಭಾವನೆಗಳಿಗೂ ಹಾಗೆಯೇ ಸರದಿ ಇಟ್ಟರೆ? ಬೂಟಿನ ಪೆಟ್ಟಿಗೆ ಕತ್ತರಿಸಿ ಹಲಗೆ ಮಾಡಿದೆ. ವಾರಕ್ಕೊಂದು ಭಾವನೆ, ಅಡುಗೆಮನೆಯ ಬಾಗಿಲಿಗೆ ತೂಗುಹಾಕುವುದು. ರಾತ್ರಿ ರೊಟ್ಟಿ ತಿನ್ನುವಾಗ ಗಂಡ ಹೆಂಡತಿಗೆ ಒಂದು, ಹೆಂಡತಿ ಗಂಡನಿಗೆ ಒಂದು ವಾಕ್ಯ ಹೇಳಬೇಕು, ಇಂಗ್ಲಿಷಿನಲ್ಲಿ, ಆ ವಾರದ ಭಾವನೆಯಲ್ಲೇ.

ತರಗತಿಯಲ್ಲಿ ಕೊಟ್ಟ ಪುಸ್ತಕ ಶುರುವಾಗುತ್ತಿದ್ದದ್ದು ಪ್ರೀತಿಯಿಂದ. ನಾನು ಅದನ್ನು ತಿರುವುಮುರುವು ಮಾಡಿ ಪ್ರೀತಿಯನ್ನು ಕೊನೆಗಿಟ್ಟೆ. ಮೊದಲು ದುಡಿಮೆ, ಆಮೇಲೆ ಸುಖ! ಕ್ರಿಸ್ಮಸ್ ಬಿಸ್ಕತ್ತುಗಳನ್ನೂ ನಾನು ನವೆಂಬರಿನಲ್ಲೇ ಬೇಯಿಸಿ, ಡಬ್ಬಿಗೆ ತುಂಬಿ, ಬೀರುವಿನ ಮೇಲಿಡುತ್ತೇನೆ. ಹಬ್ಬದ ಮುಂಚಿನ ಸಂಜೆಯವರೆಗೆ ಯಾರೂ ಮುಟ್ಟುವಂತಿಲ್ಲ. (ಅಷ್ಟರಲ್ಲಿ ಅವು ಕಲ್ಲಾಗಿರುತ್ತವೆ. ಅದು ಬೇರೆ ಮಾತು.)

ಮೊದಲು ಬಂದದ್ದು ನಿರಾಶಾ ಸಪ್ತಾಹ. ಅದು ಸಲೀಸಾಗಿ ಸಾಗಿತು. ಇಬ್ಬರಿಗೂ ಸರಕಿನ ಕೊರತೆಯಿರಲಿಲ್ಲ. ಮತ್ಸರ ಸಪ್ತಾಹದಲ್ಲಿ ಓಯ್ಗೆನ್ ತುಂಬ ಹೊತ್ತು ಯೋಚಿಸಿ, "ಕೆಳಮನೆಯವರ ಹಿಮ ತೆಗೆಯುವ ಸಲಿಕೆಯನ್ನು ಕಂಡು ನನಗೆ ಮತ್ಸರವಾಗುತ್ತದೆ," ಎಂದು ಇಂಗ್ಲಿಷಿನಲ್ಲಿ ನುಡಿದ.

"ಸಲಿಕೆ ಮೇಲಲ್ಲ ಕಣೋ! ನಾನು ಯಾರದ್ದೋ ಜೊತೆ ನಗ್ತಾ ಮಾತಾಡಿದೆ, ನಿಂಗೆ ಹೊಟ್ಟೆ ಉರೀತು, ಹಾಗೆ ಹೇಳ್ಬೇಕು."

"ನೀನು ಯಾರ ಜೊತೆ ನಗ್ತೀಯ?"

"ಯಾರ ಜೊತೇನೂ ಇಲ್ಲ. ಅಭ್ಯಾಸಕ್ಕೆ ಹೇಳು."

"ಸಲಿಕೆ ನಿಜ," ಎಂದ ಓಯ್ಗೆನ್. "ಅದು ಸುಳ್ಳಾಗುತ್ತೆ."

ಆಗಲೇ ನನಗೆ ತಿಳಿಯಬೇಕಿತ್ತು. ನನ್ನ ಗಂಡ ಯಾವ ಭಾಷೆಯಲ್ಲೂ ಇಲ್ಲದ್ದನ್ನು ಇದೆ ಎನ್ನುವವನಲ್ಲ. ನಾನು ಅವನ ಉತ್ತರವನ್ನು ತಪ್ಪೆಂದು ಗುರುತು ಹಾಕಿಕೊಂಡು ಮುಂದೆ ಹೋದೆ.

ಕ್ರೋಧ ಸಪ್ತಾಹದಲ್ಲಿ ಮನೆ ನಡುಗಿತು. ಕಿರುಚಿ ಹೇಳಿದರೆ ಪದ ಮನಸ್ಸಿನಲ್ಲಿ ನಿಲ್ಲುತ್ತದೆಂದು ಪುಸ್ತಕದಲ್ಲಿತ್ತು. ಎರಡನೆಯ ದಿನವೇ ಕೆಳಮನೆಯ ಶ್ರೀಮತಿ ಹೇಬರ್ಲೆ ಬಾಗಿಲು ತಟ್ಟಿದರು. ಇಪ್ಪತ್ತು ವರ್ಷದಿಂದ ನೆರೆಯವರು. ಇನ್ನೂ ನಾವಿಬ್ಬರೂ ಬಹುವಚನದಲ್ಲೇ ಇದ್ದೇವೆ.

"ನಿಮ್ಮಿಬ್ಬರ ಮಧ್ಯೆ ಏನೇ ಇರ್ಲಿ, ನಾನು ಕೇಳೋದಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ಬೇರೆ ಆಗೋದಾದ್ರೆ ಮೆಟ್ಟಿಲು ಗುಡಿಸೋ ಸರದಿ ಯಾರ ಪಾಲಿಗೆ ಬರುತ್ತೆ ಅನ್ನೋದನ್ನ ಮಾತ್ರ ಮುಂಚೆನೇ ಇತ್ಯರ್ಥ ಮಾಡ್ಕೊಳ್ಳಿ."

ಆ ವಾರದ ನಡುವೆ ಉಲ್ಮ್‌ನಲ್ಲಿರುವ ನನ್ನ ಅಕ್ಕ ಜಾರಿಬಿದ್ದು ಕಾಲು ಉಳುಕಿಸಿಕೊಂಡಳೆಂದು ನಾನು ಓಡಬೇಕಾಯಿತು. ಕೆಲವು ದಿನ ಅವಳ ಮನೆಯಲ್ಲಿದ್ದು ಶನಿವಾರ ಮರಳಿದೆ.

ರೈಲಿನಿಂದ ಇಳಿದರೆ ಎದುರಿಗೆ ಓಯ್ಗೆನ್! ಅವನು ಸ್ಟೇಷನ್ನಿಗೆ ಬರುವವನೇ ಅಲ್ಲ. ಬಸ್ಸಿದೆ, ನನಗೆ ಕಾಲಿದೆ ಎಂಬುದು ಅವನ ಸಿದ್ಧಾಂತ. ಅವತ್ತು ಚರ್ಚಿಗೆ ಹಾಕುವ ಕೋಟು ತೊಟ್ಟು, ಕೂದಲಿಗೆ ನೀರು ಸವರಿ ಬಾಚಿಕೊಂಡು ನಿಂತಿದ್ದ. ನನ್ನ ಚೀಲಕ್ಕೆ ಕೈ ಹಾಕಲಿಲ್ಲ. ಮೊದಲು ಗಂಟಲು ಸರಿಮಾಡಿಕೊಂಡ. ಆಮೇಲೆ ನನ್ನ ಕೋಟಿನ ಗುಂಡಿಯನ್ನು ನೋಡುತ್ತ ಇಂಗ್ಲಿಷಿನಲ್ಲಿ, ಒಂದೊಂದೇ ಪದವನ್ನು ಕೆಳಗಿಡುವ ಹಾಗೆ ಹೇಳಿದ:

"ನೀನಿಲ್ಲದೆ ನನಗೆ ಹಂಬಲವಾಯಿತು. ಮನೆ ತೀರಾ ನಿಶ್ಶಬ್ದವಾಗಿತ್ತು."

ಅವನ ಕಿವಿಗಳು ಕೆಂಪಾಗಿದ್ದವು. ಚಳಿಗೆ ಎಂದುಕೊಂಡೆ.

"ಓಯ್ಗೆನ್!" ಎಂದೆ ನಾನು. "ಇದು ಕ್ರೋಧದ ವಾರ! ಹಂಬಲ ಬರೋದು ಪ್ರೇಮ ಸಪ್ತಾಹದಲ್ಲಿ, ಅದಕ್ಕೆ ಇನ್ನೂ ಎರಡು ವಾರ ಇದೆ. ಹುಟ್ಟುಹಬ್ಬಕ್ಕೆ ಮುಂಚೆ ಶುಭಾಶಯ ಹೇಳಿದ್ರೆ ಕೆಡುಕು ಅಂತ ಗೊತ್ತಿಲ್ವಾ? ಎತ್ತಿಡು ಅದನ್ನ."

ಅವನು ರೆಪ್ಪೆ ಬಡಿದ. "ಓ," ಎಂದ. "ಹೌದಲ್ಲ."

ಚೀಲ ತೆಗೆದುಕೊಂಡ. ಬಸ್ ನಿಲ್ದಾಣದವರೆಗೆ ನಡೆದೆವು. ಅಲ್ಲಿ ಚೀಲವನ್ನು ಕೆಳಗಿಟ್ಟು, ಮತ್ತೆ ಇಂಗ್ಲಿಷಿನಲ್ಲಿ, "ಈ ಚೀಲದ ಭಾರದಿಂದ ನನಗೆ ಕೋಪ ಬಂದಿದೆ," ಎಂದ.

"ಈಗ ಸರಿಯಾಯ್ತು ನೋಡು!" ಎಂದು ನಾನು ಬೆನ್ನು ತಟ್ಟಿದೆ. ನಮ್ಮ ಸೀಮೆಯ ಹೆಂಗಸು ಗಂಡನನ್ನು ಹೊಗಳಿದ ಅಪರೂಪದ ಪ್ರಸಂಗ ಅದು. ಅದನ್ನೂ ಹೋಗಿ ಹೋಗಿ ಅಲ್ಲಿ ಖರ್ಚು ಮಾಡಿದೆ.

ಮುಂದಿನದು ಪಶ್ಚಾತ್ತಾಪ ಸಪ್ತಾಹ. ಅಗ್ಗದ ಸೋಪಿನ ಪುಡಿ ಕೊಂಡದ್ದಕ್ಕೆ ನಾನು ಪಶ್ಚಾತ್ತಾಪಪಟ್ಟೆ. ಓಯ್ಗೆನ್ ರೊಟ್ಟಿಗೆ ಬೆಣ್ಣೆ ಸವರುತ್ತ, "ಅವಸರಪಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪವಾಗಿದೆ," ಎಂದ.

"ಯಾವುದರಲ್ಲಿ ಅವಸರ?"

"ಸುಮ್ನೆ. ವಾಕ್ಯ ಅಷ್ಟೆ."

ಸುಮ್ಮನೆ ವಾಕ್ಯ ಹೇಳುವವನಲ್ಲ ಅವನು. ಸಲಿಕೆಯ ದಿನವೇ ಅದನ್ನು ನನಗೆ ಕಲಿಸಿದ್ದ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಕೊನೆಗೆ ಪ್ರೇಮ ಸಪ್ತಾಹ ಬಂತು. ಹಲಗೆಗೆ ಕೆಂಪು ದಾರ ಕಟ್ಟಿದೆ. ಮೇಜಿಗೆ ಹಾಸುಬಟ್ಟೆ ಹಾಸಿದೆ. ನೀಲಿ ಅಂಗಿ ತೊಟ್ಟು ಕಾದೆ. ಓಯ್ಗೆನ್ ಕೆಲಸದಿಂದ ಬಂದು, ಕೈ ತೊಳೆದು, ಪುಸ್ತಕ ಬಿಡಿಸಿ, ನೀರಿನ ಮೀಟರ್ ಓದುವವನ ದನಿಯಲ್ಲಿ ಓದಿದ: "ನಾನು ನಿನ್ನನ್ನು ಪ್ರೀತಿಸುತ್ತೇನೆ. ನೀನು ನನ್ನ ಬಾಳಿನ ಬೆಳಕು. ಪುಟ ಹದಿನಾಲ್ಕು." ಆಮೇಲೆ ನಮ್ಮ ಭಾಷೆಯಲ್ಲಿ, "ಮೂಲಂಗಿ ಮುಗೀತಾ?"

ಎಷ್ಟು ವರ್ಷ ಕಾದ ಮಾತು! ಕೈಗೆ ಬಂತು, ರುಚಿಯೇ ಇರಲಿಲ್ಲ. ಆಗ ನನಗೆ ಸ್ಟೇಷನ್ನಿನ ಆ ಬಾಚಿದ ಕೂದಲು ನೆನಪಾಯಿತು, ಕೆಂಪು ಕಿವಿಗಳು ನೆನಪಾದವು. ಅವತ್ತು ಚಳಿಯೇ ಇರಲಿಲ್ಲ ಎಂಬುದೂ ನೆನಪಾಯಿತು.

"ಪುಸ್ತಕದ್ದು ಬೇಡ," ಎಂದೆ. "ಸ್ಟೇಷನ್ನಲ್ಲಿ ಹೇಳಿದ್ಯಲ್ಲ, ಅದನ್ನ ಹೇಳು. ಹಂಬಲದ್ದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಇಲ್ಲೇ ಇದೀಯಲ್ಲ. ಈಗ ಹೇಳಿದ್ರೆ ಸುಳ್ಳಾಗುತ್ತೆ."

ಮರುದಿನ ನಾನು ಯಾರಿಗೂ ಹೇಳದೆ ನೆಲಮಾಳಿಗೆಗೆ ಇಳಿದು, ಬಟ್ಟೆ ಒಗೆಯುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತೆ. ಹಂಬಲ ಹುಟ್ಟಲಿ ಎಂದು! ಬೆನ್ನು ಹಿಡಿದುಕೊಳ್ಳುವಷ್ಟು ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿತು. ನಾನು ಕೂದಲು ಸರಿಮಾಡಿಕೊಂಡೆ. ಬಾಗಿಲು ತೆರೆಯಿತು.

"ಯಾಕೆ ಸುಮ್ಸುಮ್ನೆ ಲೈಟ್ ಉರೀತಾ ಇದೆ?" ಎಂದ.

ಭಾನುವಾರ ಬೀಗರು ಬಂದರು. ನೂಲಾ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡಳು. ಅದಕ್ಕೂ ಮೊದಲು, ಮೆಟ್ಟಿಲು ಹತ್ತುವಾಗ, ಪೊರಕೆ ಹಿಡಿದು ನಿಂತಿದ್ದ ಶ್ರೀಮತಿ ಹೇಬರ್ಲೆಯವರನ್ನೇ ನಾನೆಂದು ತಿಳಿದು ಅಪ್ಪಿ ಮುದ್ದಿಟ್ಟಿದ್ದಳಂತೆ. (ಪಾಪ, ಅವರು ಇನ್ನೂ ಚೇತರಿಸಿಕೊಂಡಿಲ್ಲ. ಯಾವಾಗ ಮತ್ತೆ ಬರ್ತಾರೆ ಎಂದು ನಿನ್ನೆಯೂ ಕೇಳಿದರು.) ನಾನು ದಾಸ್ತಾನು ಬಿಚ್ಚಿದೆ. "ನಿಮ್ಮನ್ನು ಕಂಡು ನನ್ನ ಹೃದಯ ತುಂಬಿ ಬಂದಿದೆ," ಎಂದೆ. ವಾರ್ತೆ ಓದಿದ ಹಾಗಿತ್ತು. ಆದರೂ ನೂಲಾ ಕಣ್ಣೊರೆಸಿಕೊಂಡಳು. ಮಗಳು ಮೇಜಿನ ಕೆಳಗೆ ನನ್ನ ಕೈ ಒತ್ತಿದಳು. ಗೆದ್ದೆ ಎಂದುಕೊಂಡೆ.

ಊಟದ ನಡುವೆ ನೂಲಾ ಓಯ್ಗೆನ್‌ನ ಕಡೆ ತಿರುಗಿದಳು. "ಅಲ್ಲಪ್ಪಾ, ನಾವು ಬಂದಾಗಿನಿಂದ ನೀನು ಬಾಯಿ ಬಿಟ್ಟಿಲ್ಲ. ಹೆಂಡ್ತಿ ಮೇಲಿನ ಪ್ರೀತೀನ ಅವಳಿಗೆ ಹೇಗೆ ತಿಳಿಸ್ತೀಯ, ಹೇಳು ನೋಡೋಣ!"

ಓಯ್ಗೆನ್ ಫೋರ್ಕು ಕೆಳಗಿಟ್ಟ. ಪುಸ್ತಕ ಹತ್ತಿರವಿರಲಿಲ್ಲ. ತನ್ನ ಒರಟು ಇಂಗ್ಲಿಷಿನಲ್ಲಿ ಶುರುಮಾಡಿದ.

"ಅವಳು ಉಲ್ಮ್‌ಗೆ ಹೋಗಿದ್ದಳು. ಮನೆ ತೀರಾ ನಿಶ್ಶಬ್ದವಾಗಿತ್ತು. ರೇಡಿಯೋ ಹಾಕಿದೆ. ರೇಡಿಯೋ ನನ್ನನ್ನು ಬೈಯಲಿಲ್ಲ. ನನಗೆ ಹಂಬಲವಾಯಿತು. ಬಸ್ಸಿನಲ್ಲಿ ವಾಕ್ಯವನ್ನು ಬಾಯಿಪಾಠ ಮಾಡಿದೆ. ಸ್ಟೇಷನ್ನಿಗೆ ಹೋಗಿ ಹೇಳಿದೆ."

ನೂಲಾ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡಳು. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರ. ನನಗೆಂದು ಹುಟ್ಟಿದ ವಾಕ್ಯಗಳು ನನ್ನ ಕಣ್ಣೆದುರೇ ಇನ್ನೊಬ್ಬಳ ಮಡಿಲು ತುಂಬುತ್ತಿದ್ದವು. ನಾನು ಆಲೂಗಡ್ಡೆ ಬಡಿಸುತ್ತ ನಿಂತಿದ್ದೆ.

"ಅದಕ್ಕೆ ನೀನೇನಂದೆ, ಬಂಗಾರ?" ಎಂದು ನೂಲಾ ನನ್ನತ್ತ ಮುಖ ಎತ್ತಿದಳು.

ಎಲ್ಲರೂ ನನ್ನನ್ನೇ ನೋಡಿದರು. ಒಂದಿಡೀ ಪುಸ್ತಕದ ಭಾವನೆಗಳು ನನಗೆ ಬಾಯಿಪಾಠವಾಗಿದ್ದವು. ಗಂಡ ನಿಜ ಹೇಳಿದ ಮೇಲೆ ನಾನು ಸುಳ್ಳು ಹೇಳುವುದು ಹೇಗೆ?

"ಇದು ಕ್ರೋಧದ ವಾರ ಅಂದೆ."

ನೂಲಾ ನಗತೊಡಗಿದಳು, ಫಿನ್‌ಬಾರ್ ನಕ್ಕ, ಇಂಥ ತಮಾಷೆಯ ಹೆಂಗಸು ತನಗೆ ಬೀಗಿತ್ತಿಯಾಗಿ ಸಿಕ್ಕಿದಳಲ್ಲ ಎಂದು ನೂಲಾ ಮತ್ತೊಮ್ಮೆ ನನ್ನನ್ನು ಅಪ್ಪಿದಳು. ಮರೈಕೆ ಮಾತ್ರ ನಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ತೂಗುತ್ತಿದ್ದ ಹಲಗೆಯನ್ನು ನೋಡಿದಳು; ಅಪ್ಪನನ್ನು ನೋಡಿದಳು; ತಟ್ಟೆಗೆ ತಲೆ ಬಗ್ಗಿಸಿದಳು.

ಸಂಜೆ ಅವರು ಉಳಿದುಕೊಂಡಿದ್ದ ವಸತಿಗೆ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಓಯ್ಗೆನ್ ಒರೆಸುತ್ತಿದ್ದ.

"ಓಯ್ಗೆನ್," ಎಂದೆ ನಮ್ಮ ಭಾಷೆಯಲ್ಲೇ. "ಅವತ್ತು ಸ್ಟೇಷನ್ನಲ್ಲಿ ನಾನು ಹಾಗಂದಿದ್ದಕ್ಕೆ ನಂಗೆ ತುಂಬ ಪಶ್ಚಾತ್ತಾಪ…"

ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ಎಂದು ನೋಡಿದ.

"ಅದು ಹೋದ ವಾರವೇ ಮುಗೀತಲ್ಲ, ರೋಸ್ಲೆ."

ಅವನ ಮುಖದಲ್ಲಿ ತುಂಟತನ ಹುಡುಕಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಮಾಷೆ ಮಾಡದವನ ಮುಖದಲ್ಲಿ ಅದನ್ನು ಎಲ್ಲೆಂದು ಹುಡುಕುವುದು?

ಕೈ ಒರೆಸಿಕೊಂಡು ಬೀರುವಿನ ಬಳಿ ಕುರ್ಚಿ ಎಳೆದೆ. ಜೀವಮಾನದಲ್ಲಿ ಮೊದಲ ಸಲ, ಕ್ರಿಸ್ಮಸ್‌ಗೆ ಮುಂಚೆ, ಆ ಡಬ್ಬಿಯನ್ನು ನಾನಾಗಿಯೇ ಕೆಳಗಿಳಿಸಿದೆ. ಹಗುರವಾಗಿತ್ತು. ಮುಚ್ಚಳ ತೆಗೆದೆ. ತಳದಲ್ಲಿ ಪುಡಿ, ಪುಡಿಯ ನಡುವೆ ನಕ್ಷತ್ರದಾಕಾರದ ಒಂದೇ ಒಂದು ದಾಲ್ಚಿನ್ನಿ ಬಿಸ್ಕತ್ತು.

"ಓಯ್ಗೆನ್!"

"ಕ್ರಿಸ್ಮಸ್‌ಗೆ ಅಂತ ಒಂದು ಉಳಿಸಿದೀನಲ್ಲ," ಎಂದ ಅವನು. ಒರೆಸುವ ಬಟ್ಟೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಕಿವಿಗಳು ಕೆಂಪಾದವು. "ನೀನು ಉಲ್ಮ್‌ನಲ್ಲಿದ್ದೆ. ಮನೆ ತುಂಬಾ ಸುಮ್ಮನಿತ್ತು."

ಬೈಗುಳ ಗಂಟಲಿಗೆ ಬಂದಿತ್ತು, ಎರಡು ಭಾಷೆಗಳಲ್ಲಿ. ಕ್ರೋಧ ಸಪ್ತಾಹದ ಅತ್ಯುತ್ತಮ ವಿದ್ಯಾರ್ಥಿನಿ ನಾನು. ಅದನ್ನು ನುಂಗಿದೆ. ಬೇರೇನಾದರೂ ಹೇಳಬೇಕೆಂದು ಬಾಯಿ ತೆರೆದೆ. ಕಲಿತ ಪದಗಳಲ್ಲಿ ಒಂದೂ ಬರಲಿಲ್ಲ.

"ಹೇಗಿತ್ತು?" ಎಂದೆ ಕೊನೆಗೆ.

ಓಯ್ಗೆನ್ ಸುಳ್ಳಾಗಬಾರದೆಂದು ಸ್ವಲ್ಪ ಹೊತ್ತು ಯೋಚಿಸಿದ.

"ತಿನ್ನಬಹುದು," ಎಂದ.