ನಮ್ಮತ್ತೆಯ ಥಾಯ್ಲೆಂಡ್ ಸಂಸಾರ

ನಮ್ಮತ್ತೆ ಎಂದರೆ ಅಪ್ಪನ ತಂಗಿ. ಅವಳ ಟೈಲರಿಂಗ್ ಅಂಗಡಿ ಇರುವುದು ಗುಂಡ್ಲುಪೇಟೆಯಲ್ಲಿ. ಸಂಸಾರ ಮಾತ್ರ ಥಾಯ್ಲೆಂಡಿನಲ್ಲಿ. ಅದೂ ಒಂದಲ್ಲ, ಏಳೆಂಟು! ಒಂದು ಮನೆಯಲ್ಲಿ ಡಾಕ್ಟರು ಮತ್ತು ಅವನ ಗೆಳೆಯ, ಇನ್ನೊಂದರಲ್ಲಿ ಬಾಕ್ಸಿಂಗ್ ಆಡುವವನು ಮತ್ತು ನೂಡಲ್ಸ್ ಅಂಗಡಿಯವನು, ಮತ್ತೊಂದರಲ್ಲಿ ಎಂಜಿನಿಯರಿಂಗ್ ಓದುವ ಸೀನಿಯರ್ರು, ಜೂನಿಯರ್ರು. ಗಂಡುಹುಡುಗರು ಗಂಡುಹುಡುಗರನ್ನೇ ಪ್ರೀತಿಸುವ ಥಾಯ್ ಧಾರಾವಾಹಿಗಳು ಇವು. ಯಾರಿಗೆ ಯಾರ ಮೇಲೆ ಮುನಿಸು, ಯಾರಿಗೆ ಜ್ವರ, ಯಾರ ತಾಯಿ ಬಾಯಿಬಡುಕಿ ಎಂಬುದೆಲ್ಲ ಅತ್ತೆಗೆ ಬಾಯಿಪಾಠ. ಮೈಸೂರು ದಾಟಿ ಆಚೆಗೆ ಹೋಗದ ಹೆಂಗಸು ಬ್ಯಾಂಕಾಕಿನ ಯಾವ ಗಲ್ಲಿಯಲ್ಲಿ ಯಾರ ರೂಮಿದೆ ಎಂದು ಹೇಳಬಲ್ಲಳು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಒಂದು ರವಿಕೆ ಹೊಲಿಯಲು ಕೊಟ್ಟು ನೋಡಿ.

ಈ ಹುಚ್ಚು ಹಿಡಿಸಿದವಳು ಅಂಗಡಿಯ ಪಕ್ಕದ ಬೇಕರಿಯಲ್ಲಿದ್ದ ಮಲಯಾಳಿ ಹುಡುಗಿ. ಅವಳು ಮೊದಮೊದಲು ಜತೆಗೆ ಕೂತು ಮಲಯಾಳ ಬೆರೆಸಿದ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದಳು. ಮದುವೆಯಾಗಿ ವಯನಾಡಿಗೆ ಹೋದಳು ನೋಡಿ, ಆ ಕೆಲಸ ನನ್ನ ತಲೆಗೆ ಬಿತ್ತು. ನಾನು ಚಾಮರಾಜನಗರದಲ್ಲಿ ಹೈಸ್ಕೂಲ್ ಟೀಚರ್. ಧಾರಾವಾಹಿಯವರು ಆಡುವುದು ಥಾಯ್ ಮಾತು, ಕೆಳಗೆ ಓಡುವುದು ಇಂಗ್ಲಿಷ್ ಅಕ್ಷರ, ಅತ್ತೆ ಓದಿದ್ದು ಎಸ್ಸೆಸ್ಸೆಲ್ಸಿ. ತಿಳಿಯದ ಕಡೆ ಚಿತ್ರ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾಳೆ. ನಾನು ತಕ್ಷಣ ಉತ್ತರ ಕೊಡಬೇಕು, ಇಲ್ಲದಿದ್ದರೆ ಆ ಹುಡುಗರು ಅಲ್ಲೇ ಬಾಯಿ ತೆರೆದುಕೊಂಡು ನಿಂತಿರಬೇಕಾಗುತ್ತದಂತೆ!

ಒಂದು ದಿನ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ಪರೀಕ್ಷೆಯ ವಿಷಯ ಮಾತಾಡುತ್ತಿದ್ದರು. ಮೇಜಿನ ಮೇಲಿದ್ದ ನನ್ನ ಫೋನು ಟಿಣ್ ಎಂದಿತು. ನೋಡಿದರೆ ಇಬ್ಬರು ಹುಡುಗರು ಮೂಗಿಗೆ ಮೂಗು ತಾಗುವಂತೆ ನಿಂತಿದ್ದಾರೆ. ಮುಚ್ಚಲು ಹೋದ ಗಾಬರಿಯಲ್ಲಿ ಬೆರಳು ತಾಗಿ, ಕೆಳಗಿದ್ದ ಅತ್ತೆಯ ವಾಯ್ಸ್ ಮೆಸೇಜ್ ರೂಮಿಗೆಲ್ಲ ಕೇಳುವಂತೆ ಮೊಳಗಿತು.

"ಇವ್ನು ಮುತ್ತು ಕೊಡಕ್ ಮುಂಚೆ ಅವ್ನ ಕೇಳ್ದ್ನಾ ಇಲ್ವಾ? ಬಿರ್ನೆ ನೋಡಿ ಏಳಮ್ಮಿ!"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಸಭೆ ಮುಗಿದ ಮೇಲೆ ಗಣಿತದ ಮೇಡಂ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಕೇಳಿದ್ನಾ?" ಎಂದರು.

ಅತ್ತೆಗೆ ಇಡೀ ಕತೆಯಲ್ಲಿ ಬೇಕಾಗಿದ್ದು ಅದೊಂದೇ. ಕೇಳಿದವನು ಒಳ್ಳೆಯವನು. ಕೇಳದವನು ಎಷ್ಟೇ ಚೆಂದವಿರಲಿ, ಎಷ್ಟೇ ದೊಡ್ಡ ಕಾರಿರಲಿ, ಅತ್ತೆಯ ಕಡೆಯಿಂದ ಬಹಿಷ್ಕಾರ. ಹಳೆಯ ಧಾರಾವಾಹಿಗಳಲ್ಲಿ ರಟ್ಟೆ ಹಿಡಿದು ಎಳೆದು ಗೋಡೆಗೆ ಒತ್ತಿ ನಿಲ್ಲಿಸುವವನೇ ನಾಯಕ. "ಇವ್ನೇನ್ ಲವ್ ಮಾಡ್ತಾವ್ನೋ, ದನ ಹಿಡೀತಾವ್ನೋ?" ಎಂದು ಬೈದು ಆರಿಸಿಬಿಡುತ್ತಿದ್ದಳು. ಈಚಿನವು ವಾಸಿಯಂತೆ. ನೊಂದವನ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂದು ಕತೆ ಬರೆಯುವವರೂ ಕಲಿಯುತ್ತಿದ್ದಾರಂತೆ.

ಕೇಳುವ ಈ ಚಾಳಿ ಧಾರಾವಾಹಿಯಿಂದ ಇಳಿದು ಅಂಗಡಿಗೆ ಬಂತು. ಅಳತೆ ಕೊಡಲು ಬಂದ ಹೆಂಗಸರ ಮುಂದೆ ಟೇಪು ಹಿಡಿದು ನಿಂತು, "ಮುಟ್ಲಾ?" ಎನ್ನುತ್ತಾಳೆ. ಅವರು ಕಕ್ಕಾಬಿಕ್ಕಿ!

"ಅಳ್ತೆ ಕೊಡಕ್ಕೇ ಬಂದಿವ್ನಿ. ಮುಟ್ದೆ ಏನು ಕಣ್ಣಲ್ಲೇ ಅಳೆದೀಯಾ?" ಎಂದಳು ಒಬ್ಬಳು.

"ಊಂ ಅನ್ನು, ಅಳೀತೀನಿ."

"ಅಯ್ಯೋ, ಊಂ ಕಣವ್ವ!"

ಗಿರಾಕಿಗಳು ಬಿಟ್ಟುಹೋಗುತ್ತಾರೆಂದು ನಾನು ಹೆದರಿದ್ದೆ. ಬಿಡಲಿಲ್ಲ. ಕಾಲೇಜು ಹುಡುಗಿಯರು ಹೆಚ್ಚು ಬರತೊಡಗಿದರು.

ಅದಕ್ಕಿಂತ ದೊಡ್ಡ ತಮಾಷೆ ಮನೆಯೊಳಗಿನದು. ಅತ್ತೆಯ ಜತೆ ನನ್ನ ತಮ್ಮ ಇದ್ದಾನೆ. ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸ ಅವನದು. ಅವನ ರೂಮಿಗೆ ಬಾಗಿಲಿರಲಿಲ್ಲ, ಒಂದು ಪರದೆ ಮಾತ್ರ. ಥಾಯ್ಲೆಂಡಿನಲ್ಲಿ ಬಾಗಿಲು ತಟ್ಟದೆ ಯಾರೂ ಒಳಗೆ ಹೋಗುವುದಿಲ್ಲ. ಆದರೆ ಪರದೆಯನ್ನು ತಟ್ಟುವುದು ಹೇಗೆ? ನೀವೇ ಹೇಳಿ! ಅತ್ತೆ ಹೊರಗೆ ನಿಂತು ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಟಣ್ ಎಂದು ಬಡಿಯತೊಡಗಿದಳು. ಅಕ್ಕಪಕ್ಕದವರು ಪೂಜೆಯೆಂದು ತಿಳಿದು ಪ್ರಸಾದ ಕೇಳಲು ಬಂದರು. ಕೊನೆಗೆ ಬಡಗಿಯನ್ನು ಕರೆಸಿ, ಒಳಗಿನಿಂದ ಚಿಲಕ ಹಾಕುವ ಬಾಗಿಲನ್ನೇ ಇಡಿಸಿಬಿಟ್ಟಳು.

"ಒಬ್ಬ ಹುಡುಗನ ರೂಮಿಗೆ ಇಷ್ಟೆಲ್ಲ ಯಾಕತ್ತೆ?" ಎಂದೆ.

"ಆನೆ ಓಡಾಡ್ಲಿ ಅಂತ ಬಂಡೀಪುರದ್ ಗೇಟ್ನ ರಾತ್ರಿ ಮುಚ್ತಾರೆ. ಇಂಥ ದೊಡ್ಡ ರಸ್ತೇಲಿ ಲಾರಿ ಎಲ್ಲಾ ಸಾಲಾಗ್ ಕಾಯ್ತಾವೆ. ಆನೆಗ್ ಕೊಡೋ ಮರ್ವಾದಿ ನಮ್ ಹೈದನ್ಗೆ ಬ್ಯಾಡ್ವಾ?"

ಇಲ್ಲಿ ತಮಾಷೆಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ನನ್ನ ತಮ್ಮ ಅತ್ತೆಯ ಮನೆ ಸೇರಿದ್ದು ಯಾಕೆಂದು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನಮ್ಮ ಊರು ಹರವೆಯ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನೇ ಎಲ್ಲರಿಗೂ ಯಜಮಾನ. ತಮ್ಮ ಡಿಗ್ರಿ ಮುಗಿಸಿದ ವರ್ಷ ಅವನ ಫೋನಿನಲ್ಲಿ ಒಂದು ಫೋಟೋ ದೊಡ್ಡಪ್ಪನ ಕಣ್ಣಿಗೆ ಬಿತ್ತು. ಗೋಪಾಲಸ್ವಾಮಿ ಬೆಟ್ಟದಲ್ಲಿ ಅವನು ಒಬ್ಬ ಗೆಳೆಯನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿ ಕೂತಿದ್ದ. ಅಷ್ಟೇ ಫೋಟೋ. ಏನಿದು ಎಂದು ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ದೊಡ್ಡಪ್ಪ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಬೆಲ್ಟ್ ಬಿಚ್ಚಿ ಹೊಡೆದರು. ಇಡೀ ಮನೆ ನಿಂತು ನೋಡಿತು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳಂತೆ. ಸುದ್ದಿ ತಿಳಿದ ಅತ್ತೆ ಗುಂಡ್ಲುಪೇಟೆಯಿಂದ ಬಂದವಳು ಯಾರ ಜತೆಗೂ ಮಾತಾಡದೆ ಅವನನ್ನು ಕರೆದುಕೊಂಡು ಹೋದಳು. ಆ ಗೆಳೆಯ ಆಮೇಲೆ ಫೋನಿಗೆ ಸಿಗಲಿಲ್ಲ.

ಅಂದಿನಿಂದ ಪಕ್ಕದಲ್ಲಿ ಯಾರಾದರೂ ಕೈಯೆತ್ತಿದರೆ ಸಾಕು, ಮೊಳೆಯಿಂದ ಶರ್ಟು ತೆಗೆಯುವುದಕ್ಕೇ ಎತ್ತಲಿ, ತಮ್ಮನ ತಲೆ ಭುಜದೊಳಕ್ಕೆ ಇಳಿದುಬಿಡುತ್ತದೆ. ಅವನು ಯಾರನ್ನೂ ಮುಟ್ಟುವುದಿಲ್ಲ, ಮುಟ್ಟಿಸಿಕೊಳ್ಳುವುದಿಲ್ಲ. ಸಣ್ಣವನಿದ್ದಾಗ ಅತ್ತೆಯ ಬೆನ್ನ ಮೇಲೆ ಉಪ್ಪುಮೂಟೆಯಾಗಿ ಊರೆಲ್ಲ ಸುತ್ತಿದವನು ಅವನು.

ಈ ವರ್ಷ ದೊಡ್ಡಪ್ಪನ ಮಗಳ ಮದುವೆ ಗೊತ್ತಾಯಿತು. ತಮ್ಮನ ಮೇಲೆ ಪ್ರಾಣ ಇಟ್ಟವಳು ಅವಳು. "ನೀನು ಬರ್ನಿಲ್ಲ ಅಂದ್ರೆ ನಾನು ಹಸೆ ಮೇಲೆ ಕೂರಲ್ಲ ಕಣಣ್ಣ" ಎಂದು ಫೋನಿನಲ್ಲಿ ಅತ್ತಳು. ಅವನು ಬರುತ್ತೇನೆಂದ. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಚಪ್ಪರಕ್ಕೆ ಹಾಲುಗಂಬ ನೆಡುವ ಮುಂಚೆ ಕಿರಿಯರೆಲ್ಲ ಯಜಮಾನನ ಕಾಲಿಗೆ ಬಿದ್ದು, ಅವರ ಕೈಯಿಂದ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳಬೇಕು. ಅಲ್ಲಿಗೆ ಹಳೆಯ ಮುನಿಸೆಲ್ಲ ಮುಗಿಯಿತು ಎಂದು ಲೆಕ್ಕ. ಮುನಿಸಿದ್ದ ಮನೆಯಲ್ಲಿ ಗಂಬ ನಿಲ್ಲುವುದಿಲ್ಲವಂತೆ. ತಪ್ಪು ಯಾರದೆಂದು ಕೇಳುವಂತಿಲ್ಲ. ಬೀಳುವವರು ಮಾತ್ರ ಯಾವಾಗಲೂ ಕಿರಿಯರೇ!

"ನಾ ಅವ್ರ ಕಾಲಿಗ್ ಬೀಳಲ್ಲ ಅತ್ತೆ. ಎಲ್ಲಾ ಸೇರ್ಕಂಡು ಬೀಳು ಅಂದ್ರೆ ಏನ್ ಮಾಡ್ಲಿ?" ಎಂದ ತಮ್ಮ.

"ನಾನಿವ್ನಿ" ಎಂದಳು ಅತ್ತೆ. ಅಷ್ಟೇ.

ಅದೇ ವಾರ ಅವಳ ಮೆಚ್ಚಿನ ಧಾರಾವಾಹಿಯ ಕೊನೆಯ ಕಂತು ಬಂತು. ಅದರಲ್ಲಿ ಅಪ್ಪನಿಂದ ಏಟು ತಿಂದು ಮನೆ ಬಿಟ್ಟ ಹುಡುಗ, ತಾಯಿ ಅತ್ತಳೆಂದು ವಾಪಸು ಬಂದು ಅಪ್ಪನನ್ನು ತಬ್ಬಿಕೊಂಡುಬಿಡುತ್ತಾನೆ. ಹಿಂದೆ ಪಿಟೀಲು ಬೇರೆ! ಅತ್ತೆ ಊಟ ಬಿಟ್ಟು ನನಗೆ ಫೋನು ಮಾಡಿದಳು.

"ಈ ಕತೆ ಬರ್ದವ್ನ ನಂಬರ್ ಸಿಕ್ತದಾ?"

"ಯಾಕತ್ತೆ?"

"ಅವ್ವ ಅತ್ತುದ್ಕೆ ಮಗನ್ ಗಾಯ ವಾಸಿಯಾಗ್ಬುಡ್ತದಾ ಅಂತ ಕೇಳ್ಬೇಕು. ಬದ್ಮಾಶ್!"

ನಾನು ನಕ್ಕೆ. ಅತ್ತೆ ನಗಲಿಲ್ಲ.

ಹಾಲುಗಂಬದ ದಿನ ಬೆಳಿಗ್ಗೆ ನಾವು ಮೂವರೂ ಊರಿಗೆ ಹೋದೆವು. ಮದುಮಗಳ ರವಿಕೆಯ ಅಳತೆ ನೋಡಬೇಕೆಂದು ಅತ್ತೆ ಟೇಪನ್ನು ಕತ್ತಿಗೆ ಹಾಕಿಕೊಂಡೇ ಬಂದಿದ್ದಳು. ಅಂಗಳದಲ್ಲಿ ಗುಂಡಿ ತೋಡಿತ್ತು. ಹಾಲುಗಂಬಕ್ಕೆಂದು ಅರಿಸಿನ ಬಳಿದ ಅತ್ತಿಮರದ ಕೊಂಬೆ ಗೋಡೆಗೆ ಒರಗಿತ್ತು. ಅದೇ ಅಂಗಳ. ತಮ್ಮ ಹೊಸ್ತಿಲ ಬಳಿಯೇ ನಿಂತುಬಿಟ್ಟ.

ಕಿರಿಯರೆಲ್ಲ ಒಬ್ಬೊಬ್ಬರಾಗಿ ಬಿದ್ದರು, ಎದ್ದರು. ನಾನೂ ಬಿದ್ದೆ. ಉಳಿದವನು ತಮ್ಮ ಒಬ್ಬನೇ.

"ಬಾ. ಆದದ್ದಾಯ್ತು. ಬಿದ್ದು ಎದ್ದೋಗು, ಗಂಬ ನೆಡ್ಬೇಕು" ಎಂದರು ದೊಡ್ಡಪ್ಪ.

ತಮ್ಮ ಅಲುಗಲಿಲ್ಲ. ಶಾಸ್ತ್ರ ಮಾಡಿಸಲು ಬಂದಿದ್ದ ಐನೋರು, "ಹೊತ್ತು ಮೀರ್ತಾ ಅದೆ" ಎಂದರು. ಅಮ್ಮ ಅಳುತ್ತಾ ಬಂದು, "ನನ್ ಮಕ ನೋಡಾದ್ರೂ ಬೀಳೋ ಮಗ" ಎಂದಳು. ಥೇಟು ಕೊನೆಯ ಕಂತು! ಪಿಟೀಲೊಂದು ಇರಲಿಲ್ಲ.

ದೊಡ್ಡಪ್ಪ ವಿಭೂತಿ ಹಿಡಿದು ತಾವೇ ಮುಂದೆ ಬಂದರು. ಅವನ ಹಣೆಗೆಂದು ಕೈಯೆತ್ತಿದರು. ತಮ್ಮನ ತಲೆ ಭುಜದೊಳಕ್ಕೆ ಇಳಿಯಿತು. ಮಂಡಿ ಬಾಗತೊಡಗಿತು. ಬಿದ್ದೇ ಬಿಡುತ್ತಾನೆ ಎಂದುಕೊಂಡೆ.

"ಕೇಳಣ್ಣ" ಎಂದಳು ಅತ್ತೆ. ಟೇಪು ಹಾಕಿಕೊಂಡ ಕುಳ್ಳ ಹೆಂಗಸು ಇಬ್ಬರ ನಡುವೆ ಬಂದು ನಿಂತಿದ್ದಳು.

"ಏನ್ ಕೇಳದು?"

"ಮುಟ್ಲಾ ಅಂತ ಅವ್ನ ಕೇಳು. ಊಂ ಅಂದ್ರೆ ಹಚ್ಚು, ಉಹೂಂ ಅಂದ್ರೆ ಬುಡು."

ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪನ ಮುಖ ನೋಡಿ ಆ ನಗು ಅಲ್ಲೇ ಸತ್ತಿತು.

"ನಾನ್ ಯಜಮಾನ ಕಣಮ್ಮಿ. ನಮ್ಮನೆ ಹೈದನ್ನ ಮುಟ್ಟಕ್ಕೆ ನಾನ್ ಯಾರ್ನ ಕೇಳ್ಬೇಕು?"

"ಅವತ್ತು ಒಡೆಯಕ್ಕೂ ಕೇಳ್ನಿಲ್ಲ, ಇವತ್ತು ಹಚ್ಚಕ್ಕೂ ಕೇಳಲ್ಲ. ಅವ್ನಿಗೆ ಎರಡೂ ಅದೇ ಕೈಯಲ್ವಾ?" ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. "ಪಕ್ಕದೊಲದವ್ನು ಒಂದ್ ಗೇಣು ಬದು ಒತ್ತುಸ್ದ ಅಂತ ಅವ್ನ ತಾವ ಮಾತ್ ಬುಟ್ಟಿದ್ದೀಯ. ಇವತ್ಗೂ ಅವ್ನ ಮನೆ ನೀರ್ ಕುಡಿಯಲ್ಲ. ಓಗಿ ಅವ್ನ ಕಾಲಿಗ್ ಬೀಳು ಅಂತ ಯಾರಾದ್ರೂ ನಿಂಗೇಳಿದ್ರಾ? ಮಣ್ಣಿಗಿರೋ ಬದು ಮಗೀನ್ ಮೈಗಿಲ್ವೇನಣ್ಣ?"

ಆಗ ಅತ್ತೆಯ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ನಾ ಬೀಳಲ್ಲ ದೊಡ್ಡಪ್ಪ. ತಂಗಿ ಮದ್ವೆ ಚೆಂದಾಗ್ ನಡೀಲಿ."

ತಮ್ಮ ನೆಟ್ಟಗೆ ನಿಂತಿದ್ದ. ಬಾಗತೊಡಗಿದ್ದ ಮಂಡಿ ಈಗ ಬಾಗಿರಲಿಲ್ಲ. ದೊಡ್ಡಪ್ಪ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಆ ವಿಭೂತಿಯನ್ನು ತಮ್ಮದೇ ಹಣೆಗೆ ಬಳಿದುಕೊಂಡರು. ಆಗಲೇ ಪಟ್ಟೆಯಿದ್ದ ಹಣೆ ಪೂರ್ತಿ ಬೆಳ್ಳಗಾಯಿತು!

"ಗಂಬ ನೆಡ್ರಲಾ" ಎಂದರು, ಯಾರ ಮುಖವನ್ನೂ ನೋಡದೆ.

ಮುನಿಸಿದ್ದ ಮನೆಯಲ್ಲೂ ಗಂಬ ನಿಂತಿತು. ನಾನು ಬೇಕೆಂದೇ ಹೋಗಿ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಅತ್ತೆ ಒಳಗೆ ಹೋಗಿ, ಕಣ್ಣೊರೆಸಿಕೊಳ್ಳುತ್ತಿದ್ದ ಮದುಮಗಳ ಮುಂದೆ ಟೇಪು ಹಿಡಿದು, "ಮುಟ್ಲಾ?" ಎಂದಳು. ಅವಳು ಅಳುವಿನ ನಡುವೆಯೇ ನಕ್ಕು ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಊಟ ಮಾಡಿಕೊಂಡು ಹೋಗಬೇಕಂತೆ ಎಂದು ದೊಡ್ಡಪ್ಪ ಅಮ್ಮನ ಕೈಲಿ ಹೇಳಿ ಕಳಿಸಿದರು. ಅತ್ತೆ ತಮ್ಮನ ಕಡೆ ನೋಡಿದಳು. "ಇವತ್ ಬ್ಯಾಡ" ಎಂದ ಅವನು. ಆ ಮನೆಯಲ್ಲಿ ಅವನು ಬೇಡ ಎಂದದ್ದನ್ನು ಜನ ಕೇಳಿಸಿಕೊಂಡದ್ದು ಅದೇ ಮೊದಲು.

ನಾನೂ ಅವರ ಜತೆಗೇ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ತಮ್ಮ ಕಿಟಕಿಗೆ ತಲೆಯೊರಗಿಸಿ ನಿದ್ದೆಹೋದ. ಉದ್ವೇಗ ಇಳಿದ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಅಂತೂ ಥಾಯ್ಲೆಂಡಿನ ಅಳಿಯಂದಿರು ಒಳ್ಳೆ ಟ್ರೈನಿಂಗ್ ಕೊಟ್ಟಿದ್ದಾರೆ ಅತ್ತೆ!"

ಅತ್ತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. "ನಮ್ಮಪ್ಪ ನಂಗೊಡ್ದ. ನಿಮ್ ಮಾವ ಇರೋಗಂಟ ಒಡ್ದ. ಏಟ್ ತಿಂದ ಮಗೀನ ಆಮೇಲೆ ಎಂಗ್ ನೋಡ್ಕಬೇಕು ಅಂತ ನಂಗ್ಯಾರಮ್ಮಿ ತೋರ್ಸಿದ್ರು? ಅವತ್ತು ಇವ್ನ ಕರ್ಕಂಬಂದು ಬೆನ್ನಿಗ್ ಎಣ್ಣೆ ಹಚ್ಚನ ಅಂತ ಮುಟ್ದೆ. ಚೀರ್ಕಬುಟ್ಟ. ನಂಗೆ ಕೈಕಾಲೇ ಆಡ್ನಿಲ್ಲ. ಮಾರ್ನೆ ದಿನ ಬೇಕರಿ ಹುಡ್ಗಿ ಫೋನಲ್ಲಿ ನೋಡ್ತೀನಿ, ಅಲ್ಲೂ ಒಂದ್ ಮಗ ಇಂಗೇ ಚೀರ್ಕತಾ ಅದೆ. ಅದ್ರ ಗೆಣೆಕಾರ ದೂರದಲ್ಲಿ ನೆಲದ್ ಮೇಲೆ ಕುಂತ್ಕಂಡು, ಮುಟ್ಲಾ ಅಂತ ಕೇಳ್ದ. ಎಂಗೆ ಕೇಳ್ಬೇಕು ಅಂತ ಅವತ್ತೇ ನಂಗ್ ಗೊತ್ತಾದ್ದು. ಅದ್ಕೇ ನೋಡಕ್ ಶುರು ಮಾಡ್ದೆ ಕಣಮ್ಮಿ. ನೀವೆಲ್ಲಾ ನಗ್ತೀರಿ ಅಂತ ಗೊತ್ತು, ನಗ್ರಿ."

ನನಗೆ ನಗು ಬರಲಿಲ್ಲ. ಅವಳ ಆ ಒಣಕಲು ಕೈಗಳನ್ನು ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕು ಎನ್ನಿಸಿತು. ಕಂಡಕ್ಟರ್ ಟಿಕೆಟ್ ಎಂದು ಬಂದ.

ಮನೆ ಸೇರುವಾಗ ಇನ್ನೂ ಬಿಸಿಲಿತ್ತು. ಅತ್ತೆ ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನಲ್ಲಿ ಉಸ್ಸಪ್ಪಾ ಎಂದು ಕೂತಳು. ಚಪ್ಪಲಿ ಬಿಡುತ್ತಿದ್ದ ತಮ್ಮ ಏನೋ ನೆನೆಸಿಕೊಂಡವನಂತೆ ತಿರುಗಿ ಬಂದು, ಬಗ್ಗಿ, ಅವಳ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅತ್ತೆ ಹಾರಿಬಿದ್ದಳು. "ಅಯ್ಯೋ! ಕೇಳ್ದೆ ಮುಟ್ಬುಟ್ಟಲ್ಲೋ!"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ" ಎಂದ ಅವನು, ತಲೆಯೆತ್ತದೆ.

ಅತ್ತೆಯ ಕಣ್ಣಿಂದ ನೀರು ಸುರಿಯತೊಡಗಿತು. ಅವಳ ಕೈ ಅವನ ತಲೆಯ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

"ಮುಟ್ಲಾ ಮಗ?"

"ಊಂ."

ಕೈ ಕೆಳಗಿಳಿಯಿತು. ತಮ್ಮನ ತಲೆ ಇದ್ದಲ್ಲೇ ಇತ್ತು.