ಎಡಗಾಲಿನ ಪಾಳಿ

ಕಲಿಯುವವರಿಗೂ ಕಲಿಸುವವರಿಗೂ ಒಂದೇ ವೇಳೆಗೆ ಬುದ್ಧಿ ಬಂದ ಸಾಲೆಯನ್ನು ನಾನಂತೂ ಕಂಡಿಲ್ಲ. ಒಬ್ಬರಿಗೆ ಬರುವ ಹೊತ್ತಿಗೆ ಇನ್ನೊಬ್ಬರಿಗೆ ಹೋಗಿರುತ್ತದೆ. ನಿಜಾಮರ ಕಾಲದಲ್ಲಿ, ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದು ಇಲ್ಲಿ ನೂಲು ಸಿಗದಂತಾಗಿದ್ದಾಗ, ಕೊಪ್ಪಳದಲ್ಲಿ ಸರ್ಕಾರ ಒಂದು ನೇಯ್ಗೆಯ ತರಗತಿ ತೆರೆಯಿತು. ಅಲ್ಲಿ ಇದು ದಿನಾ ನಡೆಯುತ್ತಿತ್ತು. ನಾನು ಯಲಬುರ್ಗಿಯವನು. ಉರ್ದು ಪರೀಕ್ಷೆ ನನ್ನನ್ನು ಒಲ್ಲೆ ಒಲ್ಲೆ ಎಂದದ್ದರಿಂದ ಅಪ್ಪ ಅಲ್ಲಿ ತಂದು ಸೇರಿಸಿದ್ದರು. ಉಳಿದವರಿಗೂ ಇಂಥವೇ ಘನವಾದ ಕಾರಣಗಳಿದ್ದವು.

ಮಗ್ಗದ ಮರಿ

ಕಲಿಯಬೇಕಾದದ್ದು ಮೇಜಿನ ಮೇಲಿಡುವ ಸಣ್ಣ ಮಗ್ಗದಲ್ಲಿ. ಅದಕ್ಕೆ ಕಾಲಿನ ಕೆಲಸವಿಲ್ಲ. ಕೈಯಿಂದ ಹಿಡಿಕೆ ಎಳೆದರೆ ಎಳೆಗಳು ಮೇಲೇಳುತ್ತವೆ, ನಡುವೆ ಅಡ್ಡನೂಲಿನ ಲಾಳಿ ದಾಟಿಸಬೇಕು. ನಮ್ಮ ಕಡೆಯ ನೇಕಾರರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎಡ ಬಲ ಎಂದು ಹಲಗೆ ತುಳಿದು ನೇಯುವವರು. ಮಗ್ಗ ಬಂದ ದಿನ ನೋಡಲು ಬಂದ ಮುದುಕನೊಬ್ಬ ಮೇಜಿನ ಕೆಳಗೆ ಬಗ್ಗಿ ಕುಣಿ ಹುಡುಕಿದ. ಸಿಗದಿದ್ದಾಗ, "ಇದು ಇನ್ನೂ ಮರಿ ಐತಿ ಬಿಡ್ರಿ, ಬೆಳೀತೈತಿ" ಎಂದು ಸಮಾಧಾನ ಹೇಳಿ ಹೋದ.

ಅಲ್ಲಿದ್ದವರಲ್ಲಿ ನಿಜವಾಗಿ ನೇಕಾರನೆಂದರೆ ಕುಷ್ಟಗಿ ಕಡೆಯ ಒಬ್ಬ ಕಾಕಾ. ಹುಣಸೆ ಮರದಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದ. ಎಲುಬು ಕೂಡಿತ್ತು, ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮನೆಯ ಕುಣಿಯ ಮೇಲೆ ಹಲಗೆ ಮುಚ್ಚಿ ಎರಡು ವರ್ಷವಾಗಿತ್ತು. ತರಗತಿ ಮುಗಿದಾಗ ಸಾಹೇಬರು ಬಂದು ಪರೀಕ್ಷೆ ಮಾಡಿ, ಪಾಸಾದವರಿಗೆ ಒಂದೊಂದು ಮಗ್ಗ ಕೊಡುತ್ತಾರೆಂಬ ಸುದ್ದಿ ಕೇಳಿ, ಅವನ ಹೆಂಡತಿ ಕಾಕು ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಬಂದಿದ್ದಳು. ಕೊಪ್ಪಳದಲ್ಲೇ ಕಾಕುವಿನ ತಮ್ಮನ ಮನೆಯಲ್ಲಿ ಇಳಿದುಕೊಂಡಿದ್ದರು. ಆಕೆ ಮಾಸ್ತರರಿಗೆ ಹೇಳಿದ್ದು ಇಷ್ಟೇ: "ಮನ್ಯಾಗ ಕುಂತು ಕುಂತು ನನಗ ರೊಟ್ಟಿ ಬಡಿಯೋದು ಕಲಸಾಕ ಹತ್ಯಾರ್ರಿ. ಇವರಿಗೆ ಬ್ಯಾರೆ ಏನರ ಕಲಸ್ರಿ."

ಇಟ್ಟಂಗಿ

ಮಾಸ್ತರರು ಹೈದರಾಬಾದಿನ ಕಡೆಯವರು, ಶೇರ್ವಾನಿಯ ಗುಂಡಿ ಬಿಚ್ಚದ ಶಿಸ್ತಿನ ಮನುಷ್ಯ. ಕಾಕಾ ನೇಯುವುದನ್ನು ನೋಡಿ ಅವರಿಗೆ ಚಿಂತೆಯಾಯಿತು. ಅವನು ಹಿಡಿಕೆ ಎಳೆಯುತ್ತಿದ್ದ, ಮೇಜಿನ ಕೆಳಗೆ ಬಲಗಾಲು ತಾನಾಗಿ ಗಾಳಿ ತುಳಿಯುತ್ತಿತ್ತು, ಲಾಳಿ ದಾಟುತ್ತಿತ್ತು. ಆಮೇಲೆ ಕೈ ನಿಂತುಬಿಡುತ್ತಿತ್ತು. ತುಸು ಹೊತ್ತು ತಡೆದು ಮತ್ತೆ ಶುರುವಾಗುತ್ತಿತ್ತು.

"ಯಾಕ ನಿಂತ್ರಿ, ಚಾಚಾ?" ಎಂದು ಕೇಳಿದರು.

"ಇದು ಎಡಗಾಲಿನ ಪಾಳಿರಿ."

ಈ ಮಗ್ಗಕ್ಕೆ ಕಾಲೇ ಬೇಕಿಲ್ಲ ಎಂದು ಮಾಸ್ತರರು ತಿಳಿಸಿ ಹೇಳಿದರು. "ನನಗ ಗೊತ್ತೈತ್ರಿ. ಅದಕ್ಕ ಗೊತ್ತಾಗಬೇಕಲ್ಲ" ಎಂದ ಕಾಕಾ.

ಕಾಲಿನೊಡನೆ ವಾದಿಸುವುದನ್ನು ಮಾಸ್ತರರಿಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಗೋಡೆ ಕಟ್ಟುವ ಒಂದು ಇಟ್ಟಂಗಿ ತರಿಸಿ ಎಡಗಾಲಿನ ಕೆಳಗೆ ಇಡಿಸಿದರು, ಅದರ ಪಾಳಿ ಬಂದಾಗ ಅದಕ್ಕೂ ಏನಾದರೂ ಇರಲಿ ಎಂದು. ದಿನಾ ಕಾಕು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟಂಗಿಯ ಮೇಲಿಡುತ್ತಿದ್ದಳು. ಇಡೀ ತರಗತಿಯಲ್ಲಿ ಪೀಠದ ಮೇಲೆ ಕೂಡುವ ಮರ್ಯಾದೆ ಇದ್ದದ್ದು ಆ ಕಾಲಿಗೊಂದೇ.

ನನ್ನ ಟವೆಲು

ನನ್ನ ಮೊದಲ ಟವೆಲು ಒಳ್ಳೆಯ ಅಗಲದಲ್ಲೇ ಶುರುವಾಯಿತು. ಆದರೆ ನಾನು ಪ್ರತಿ ಸಲವೂ ನೂಲನ್ನು ಬಿಗಿಯಾಗಿ ಜಗ್ಗುತ್ತಿದ್ದೆನಾದ್ದರಿಂದ ಅದು ಮೇಲೆ ಹೋದಂತೆ ಇಟಗಿಯ ಗುಡಿಯ ಶಿಖರದ ಹಾಗೆ ಕಿರಿದಾಗುತ್ತ ಹೋಯಿತು. ಮನೆಗೆ ಒಯ್ದು ಅವ್ವನಿಗೆ ಕೊಟ್ಟೆ. ಆಕೆ ಎರಡೂ ತುದಿ ಹಿಡಿದು ನೋಡಿ, "ಛಲೋ ಆಗೇತಿ. ಈ ಕಡೆ ಮಾರಿ ಒರಸ್ಕೊಂಡು, ಆ ಕಡೆ ಚಲ್ಲಣಕ್ಕ ಲಾಡಿ ಹಾಕ್ಕೋಬಹುದು" ಎಂದಳು.

ಸೊಟ್ಟ ಬಟ್ಟೆ

ಸಾದಾ ನೇಯ್ಗೆ ಮುಗಿದ ಮೇಲೆ ಓರೆಗೆರೆಯ ನೇಯ್ಗೆ. ಬಟ್ಟೆಯ ಮೇಲೆ ಗೆರೆಗಳು ಮೂಲೆಯಿಂದ ಮೂಲೆಗೆ ಏರುತ್ತವೆ. ನಮಗೆ ತೋರಿಸಲೆಂದು ಮಾಸ್ತರರು ಬೆಳಿಗ್ಗೆಯಿಂದ ಕೂತು ಒಂದು ಗೇಣು ನೇಯ್ದು, ಮಧ್ಯಾಹ್ನದ ನಮಾಜಿಗೆ ಹೋದರು. ತಿರುಗಿ ಬಂದು ನೋಡಿದರೆ ಓರೆಗೆರೆ ಒಂದೂ ಇಲ್ಲ. ಅದರ ಜಾಗದಲ್ಲಿ ಸಾದಾ ಬಟ್ಟೆ, ನೀರಿನ ಹಾಗೆ ಸಮವಾಗಿ ಕೂತಿತ್ತು.

ಕಾಕಾ ಅವರನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ: "ನಿಮ್ಮದು ಎಲ್ಲಾ ಸೊಟ್ಟ ಹೊಂಟಿತ್ರಿ. ಬಿಚ್ಚಿ ನೆಟ್ಟಗ ಮಾಡೀನಿ. ಯಾರ ಮುಂದೂ ಹೇಳಿಲ್ಲ."

ಮಾಸ್ತರರು ಬಟ್ಟೆಯನ್ನು ನೋಡಿದರು, ಕಾಕಾನನ್ನು ನೋಡಿದರು, ಕೊನೆಗೆ ಶುಕ್ರಿಯಾ ಹೇಳಿದರು. ಮರುದಿನದಿಂದ ನಮಾಜಿಗೆ ಹೋಗುವಾಗ ತಮ್ಮ ಮಗ್ಗಕ್ಕೆ ದುಪ್ಪಟಿ ಹೊದಿಸಿ ಹೋಗತೊಡಗಿದರು. ಕಾಕಾ ನನ್ನ ಕಡೆ ವಾಲಿ, "ಪಾಪ, ನಾಚಿಕಿ ಆಗೇತಿ" ಎಂದ.

ಪರೀಕ್ಷೆ

ಸಾಹೇಬರು ಬರುವ ದಿನ ಕೋಣೆ ಗುಡಿಸಿ ಒಪ್ಪಮಾಡುವ ಗಡಿಬಿಡಿಯಲ್ಲಿ ಯಾರೋ ಇಟ್ಟಂಗಿಯನ್ನೂ ಹೊರಗೆ ಹಾಕಿದರು. ಕಾಕಾನ ಎಡಗಾಲು ಬರಿ ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಕಾಕು ಅವನ ಮುಖವನ್ನಲ್ಲ, ಮಗ್ಗವನ್ನು ನೋಡುತ್ತಿದ್ದಳು.

ಸಾಹೇಬರು ಮೇಜಿನ ಆಚೆ ಕುರ್ಚಿ ಹಾಕಿಸಿಕೊಂಡು ಕೂತು, ಹೊಳೆಯುವ ಬೂಟಿನ ಕಾಲನ್ನು ಕೆಳಗೆ ಚಾಚಿದರು. ಅದು ಸರಿಯಾಗಿ ಕಾಕಾನ ಎಡ ಅಂಗಾಲಿನ ಅಡಿಗೆ ಹೋಗಿ, ಇಟ್ಟಂಗಿಯ ಕೆಲಸ ವಹಿಸಿಕೊಂಡಿತು. ಮೊದಲು ಸಾದಾ ನೇಯ್ಗೆ ತೋರಿಸು ಎಂದರು. ಕಾಕಾ ಶುರುಮಾಡಿದ. ಎಂದಿನಂತೆ ಬಲಗಾಲು ತುಳಿಯಿತು, ಕೈ ನಿಂತಿತು. ಮತ್ತೆ ತುಳಿಯಿತು, ನಿಂತಿತು. ಹೀಗೇ ತುಸು ಹೊತ್ತು ನಡೆಯಿತು. ಆಮೇಲೆ ನಿಲ್ಲುವುದು ನಿಂತುಹೋಯಿತು. ಲಾಳಿ ಎಡಬಿಡದೆ ಓಡಾಡತೊಡಗಿತು. ಸಾಹೇಬರ ಮುಖದ ಮೇಲೆ ಅದೇ ತಾಳಕ್ಕೆ ಏನೋ ಬಂದು ಹೋಗುತ್ತಿತ್ತು.

ಕಡೆಗೆ ಅವರು ಬಗ್ಗಿ ನೋಡಿ, ತಮ್ಮ ಬೂಟು ತುಳಿಯುತ್ತಿರುವುದು ಯಾರ ಕಾಲು ಎಂದು ಕೇಳಿದರು.

ಕಾಕಾನೂ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ನಂದ ಇದ್ದಂಗ ಐತ್ರಿ" ಎಂದ.

ಸಾಹೇಬರು ಬೂಟು ಎಳೆದುಕೊಳ್ಳುವುದರಲ್ಲಿದ್ದರು. ಕಾಕು ಸೆರಗು ಸರಿಮಾಡಿಕೊಂಡು ಒಳಗೇ ಬಂದುಬಿಟ್ಟಳು.

"ಸಾಹೇಬರ, ಕಾಲು ತೆಗಿಬ್ಯಾಡ್ರಿ. ಇನ್ನೊಂದು ಗೇಣು ನೇಯ್ಲಿ."

ಮಾಸ್ತರರು ಇದನ್ನು ಬಹಳ ಅದಬಿನಿಂದ ತಲೆ ಬಾಗಿಸಿ ಉರ್ದುವಿನಲ್ಲಿ ಹೇಳಿದರು. ಸಾಹೇಬರು ಬೂಟನ್ನು ಇದ್ದಲ್ಲೇ ಇಟ್ಟರು. ಕಾಕಾ ಒಂದು ಗೇಣಲ್ಲ, ಮಗ್ಗಕ್ಕೆ ಬಿಗಿದ ಹಾಸುನೂಲು ಮುಗಿಯುವತನಕ ನೇಯ್ದ. ಆ ಸಂಜೆ ತರಗತಿಯಿಂದ ಇಬ್ಬರು ಕುಂಟುತ್ತ ಹೊರಬಿದ್ದರು. ಮಗ್ಗ ಸಿಕ್ಕದ್ದು ಒಬ್ಬನಿಗೆ ಮಾತ್ರ.

ಅದನ್ನು ಕಾಕು ತಲೆಯ ಮೇಲೆ ಹೊತ್ತು ಬಂಡಿಗೇರಿಸಿ ಊರಿಗೆ ಒಯ್ದಳು. ಮುಂದೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಕಾಕಾ ಕುಣಿಯಲ್ಲಿ ಕೂತು ಎಡ ಬಲ ತುಳಿಯುತ್ತಿದ್ದ. ಮೇಜಿನ ಮಗ್ಗದ ಮೇಲೆ ಸಂಡಿಗೆ ಒಣಗುತ್ತಿತ್ತು. ಅದೇನು ಹಾಗೆ ಎಂದು ಕೇಳಿದೆ. ಕಾಕು ಹೇಳಿದಳು, "ಕುಣಿ ಮ್ಯಾಗಿನ ಹಲಿಗಿ ತೆಗದ್ವಲ್ರಿ, ಸಂಡಿಗಿ ಹಾಕಾಕ ಜಾಗಾ ಬೇಕಲ್ಲ."